ದಡದ ಗಾಳವೋ, ದೋಣಿಯ ಗಾಳವೋ?

1932ನೆಯ ಇಸವಿ ಜೂನ್ 2ರಂದು, ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಜಾರ್ಜಿಯಾದ ಮಾಂಟ್‌ಗಮರಿ ಎಂಬ ಸಣ್ಣ ಸರೋವರದಲ್ಲಿ ಜಾರ್ಜ್ ಪೆರಿ ಎಂಬ ತರುಣ ರೈತನು ಸಾಧಾರಣವಾದ ದೋಣಿಯೊಂದರಿಂದ ಗಾಳ ಬೀಸಿದನು. ಅವನಿಗೆ ಸಿಕ್ಕಿದ ಬ್ಯಾಸ್ ಮೀನು 22 ಪೌಂಡು 4 ಔನ್ಸು, ಎಂದರೆ ಸುಮಾರು 10.1 ಕಿಲೋಗ್ರಾಂ ತೂಗಿತು. ಅಷ್ಟು ತೂಕದ ಮತ್ತೊಂದು ಬ್ಯಾಸ್ ಗಾಳಕ್ಕೆ ಬೀಳಲು 77 ವರ್ಷಗಳು ಬೇಕಾದುವು. 2009ರ ಜುಲೈ 2ರಂದು ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿತ ಎಂಬಾತನು ಅದಕ್ಕಿಂತ ಒಂದು ಔನ್ಸಿನಷ್ಟು ಮಾತ್ರ ಹೆಚ್ಚು ತೂಗುವ ಮೀನನ್ನು ಹಿಡಿದನು. ಇಷ್ಟು ಅಲ್ಪ ಅಂತರವನ್ನು ನಿಯಮವು ಗಣಿಸುವುದಿಲ್ಲವಾದ್ದರಿಂದ ದಾಖಲೆಯು ಇಬ್ಬರಿಗೂ ಸಮನಾಗಿ ಸಂದಿತು.

ಬ್ಯಾಸ್ ನಮ್ಮ ನಾಡಿನ ಕೆರೆಗಳ ಮೀನಲ್ಲ. ಅದು ಉತ್ತರ ಅಮೆರಿಕದ ಸಿಹಿನೀರಿನ ನಿವಾಸಿ. ಜಪಾನಿಗೆ 1925ರಲ್ಲಿ ಒಯ್ಯಲ್ಪಟ್ಟದ್ದು. ಇದರ ಬಾಯಿ ಬಹಳ ಅಗಲ. ಜೊಂಡಿನ ನಡುವೆಯೋ, ಮುಳುಗಿದ ಮರದ ಬೊಡ್ಡೆಯ ಮರೆಯಲ್ಲಿಯೋ ಹೊಂಚು ಹಾಕಿ ನಿಂತು, ಹತ್ತಿರ ಸುಳಿದ ಸಣ್ಣ ಮೀನನ್ನೋ ಕಪ್ಪೆಯನ್ನೋ ಒಂದೇ ನೆಗೆತಕ್ಕೆ ನುಂಗುವುದು ಇದರ ಸ್ವಭಾವ. ಇದನ್ನು ಹಿಡಿಯುವವರಲ್ಲಿ ಹಳೆಯದೊಂದು ವಾದವಿದೆ: ದಡದಲ್ಲಿ ನಿಂತು ಗಾಳ ಹಾಕುವುದು ಮೇಲೋ, ದೋಣಿಯಲ್ಲಿ ಹೋಗಿ ಹಾಕುವುದು ಮೇಲೋ? ದೋಣಿಯುಳ್ಳವರು ದೋಣಿಯನ್ನೂ ಇಲ್ಲದವರು ದಡವನ್ನೂ ಹೊಗಳುವುದು ಸಹಜ. ನಾವು ಗಾಳ ಹಾಕುವುದರಲ್ಲಿ ನಿಪುಣರೇನೂ ಅಲ್ಲ. ಆದರೆ ಈ ವಾದವನ್ನು ತೀರ್ಮಾನಿಸಲು ಬೇಕಾದ ಸಾಮಗ್ರಿಯೆಲ್ಲವೂ ಕಾಲೇಜಿನ ಭೌತಶಾಸ್ತ್ರದ ಪುಸ್ತಕದಲ್ಲಿ ಚೆದುರಿಕೊಂಡಿದೆ. ಅದನ್ನು ಒಂದೆಡೆ ಕೂಡಿಸಿ ನೋಡೋಣ.

ಮೀನಿನ ಗವಾಕ್ಷಿ

ನೀರಿನ ವಕ್ರೀಭವನಾಂಕ 1.33 ಎಂದೂ, ಅದರಿಂದ ಸಂದಿಗ್ಧ ಕೋನ 48.6 ಡಿಗ್ರಿ ಎಂದೂ ವಿದ್ಯಾರ್ಥಿಗಳು ಬಾಯಿಪಾಠ ಮಾಡುವುದುಂಟು. ಈ ಸಂಖ್ಯೆ ಮೀನಿಗೆ ಏನಾಗಿದೆಯೆಂಬುದನ್ನು ಯೋಚಿಸಿದವರು ಕಡಮೆ. ನೀರಿನೊಳಗಿಂದ ಮೇಲಕ್ಕೆ ನೋಡುವ ಕಣ್ಣಿಗೆ ಹೊರಗಿನ ಆಕಾಶವೆಲ್ಲ ತಲೆಯ ಮೇಲಿನ ಒಂದು ದುಂಡು ಗವಾಕ್ಷಿಯಲ್ಲಿ ಅಡಕವಾಗಿ ಕಾಣುತ್ತದೆ. ಅದರಾಚೆಗೆ ನೀರಿನ ಮೇಲ್ಮೈ ಕನ್ನಡಿಯಾಗಿ ಕೆರೆಯ ತಳವನ್ನೇ ಪ್ರತಿಫಲಿಸುತ್ತದೆ. ಒಂದು ಮೀಟರ್ ಆಳದಲ್ಲಿರುವ ಮೀನಿಗೆ ಈ ಗವಾಕ್ಷಿಯ ವ್ಯಾಸ ಸುಮಾರು ಎರಡೂಕಾಲು ಮೀಟರ್. ಗಾಜಿನ ಲೋಟದಲ್ಲಿ ನೀರು ತುಂಬಿ, ಅದನ್ನು ಕಣ್ಣಿಗಿಂತ ಮೇಲೆ ಹಿಡಿದು, ಪಕ್ಕದಿಂದ ಓರೆಯಾಗಿ ನೀರಿನ ಮೇಲ್ಮೈಯ ಕೆಳಭಾಗವನ್ನು ನೋಡಿರಿ. ಅದು ಬೆಳ್ಳಿಯ ತಗಡಿನಂತೆ ಹೊಳೆಯುವುದು. ಅದೇ ಮೀನಿನ ಕನ್ನಡಿ.

ಈಗ 1.75 ಮೀಟರ್ ಎತ್ತರದ ಮನುಷ್ಯನೊಬ್ಬನು, ಅವನಿಂದ ಹೊರಟ ಬೆಳಕು ನೀರಿಗೆ ಇಳಿಯುವ ತಾಣದಿಂದ 10 ಮೀಟರ್ ದೂರದಲ್ಲಿ ದಡದ ಮೇಲೆ ನಿಂತಿರಲಿ. ಆ ತಾಣದಿಂದ ನೋಡಿದರೆ ಅವನ ತಲೆ ಕ್ಷಿತಿಜದಿಂದ ಹತ್ತು ಡಿಗ್ರಿ ಮೇಲಿದೆ. ಸ್ನೆಲ್ಲನ ನಿಯಮವನ್ನು ಅನ್ವಯಿಸಿದರೆ, ಈ ಹತ್ತು ಡಿಗ್ರಿ ನೀರೊಳಗೆ ಕೇವಲ ಒಂದು ಡಿಗ್ರಿಗೆ ಕುಗ್ಗುವುದು ಕಂಡುಬರುತ್ತದೆ. ಮನುಷ್ಯನು ಗವಾಕ್ಷಿಯ ಅಂಚಿನಲ್ಲಿ ಅಮುಕಿದ ಒಂದು ಗೆರೆಯಾಗುತ್ತಾನೆ. ಅಷ್ಟು ಓರೆಯಾಗಿ ಬಿದ್ದ ಬೆಳಕಿನಲ್ಲಿ ಮೂರನೆಯ ಒಂದು ಭಾಗಕ್ಕೂ ಸ್ವಲ್ಪ ಹೆಚ್ಚು ಮೇಲ್ಮೈಯಲ್ಲೇ ಪ್ರತಿಫಲಿಸಿ ಹೋಗುವುದರಿಂದ ಆ ಗೆರೆಯೂ ಮಸುಕು. ಅವನು ಒಂದು ಮೀಟರ್ ಎತ್ತರಕ್ಕೆ ಕುಕ್ಕರಿಸಿದರೆ ಉಳಿಯುವುದು ಒಂದು ಡಿಗ್ರಿಯ ಮೂರನೆಯ ಒಂದು ಪಾಲು ಮಾತ್ರ.

ದೋಣಿಯವನ ಸ್ಥಿತಿ ಬೇರೆ. ಅವನು ಮೀನಿಗೆ ಹತ್ತಿರ ಬಂದಿದ್ದಾನೆ. ದೋಣಿಯ ಹಲಗೆ ಅವನನ್ನು ಇನ್ನೂ ಎತ್ತಿ ಹಿಡಿದಿದೆ. ತಲೆ ನೀರಿನಿಂದ 2.25 ಮೀಟರ್ ಮೇಲೆ, ದೂರ 4 ಮೀಟರ್ ಎಂದಿಟ್ಟುಕೊಂಡರೆ, ದೋಣಿಯೂ ಅವನೂ ಸೇರಿ ಮೀನಿನ ಕಣ್ಣಿನಲ್ಲಿ ಎಂಟು ಡಿಗ್ರಿಗಳನ್ನು ಆಕ್ರಮಿಸುತ್ತಾರೆ. ದಡದಲ್ಲಿ ನಿಂತವನಿಗಿಂತ ಎಂಟು ಪಟ್ಟು! ಅವನು ಕುಳಿತುಕೊಂಡು ತಲೆಯನ್ನು 1.2 ಮೀಟರಿಗೆ ಇಳಿಸಿದರೆ ಇದು ಮೂರು ಡಿಗ್ರಿಗಿಂತ ಕಡಮೆಯಾಗುತ್ತದೆ. ಕುಳಿತುಕೊಳ್ಳುವುದರಿಂದ ಮತ್ತೊಂದು ಲಾಭವೂ ಉಂಟು: ದೋಣಿಯ ಗುರುತ್ವಕೇಂದ್ರ ಕೆಳಗಿಳಿದು ಅದು ಮಗುಚುವ ಭಯ ಕಡಮೆಯಾಗುತ್ತದೆ. ಇಲ್ಲಿ ಮೀನನ್ನು ಹಿಡಿಯುವ ಉಪಾಯವೂ ಪ್ರಾಣವನ್ನು ಕಾಯುವ ಉಪಾಯವೂ ಒಂದೇ.

ಹಾಗಾದರೆ ದೋಣಿಯವನಿಗೆ ಬೆಳಕಿನಿಂದ ನಷ್ಟವೇ? ಹಾಗೂ ಅಲ್ಲ. ಎತ್ತರದಿಂದ ನೋಡುವವನಿಗೆ ಪ್ರತಿಫಲನದ ಕೋರೈಸುವಿಕೆ ಕಡಮೆ. ಆದುದರಿಂದ ನೀರೊಳಗಿನ ಜೊಂಡು, ಕಲ್ಲು, ಕೆಲವೊಮ್ಮೆ ಮೀನು ಕೂಡ ಅವನಿಗೆ ಕಾಣುತ್ತದೆ. ಆದರೆ ಬೆಳಕಿನ ಕಿರಣ ಬಂದ ದಾರಿಯಲ್ಲೇ ಹಿಂದಿರುಗಬಲ್ಲುದು. ಯಾವ ದಾರಿಯಲ್ಲಿ ಅವನು ಮೀನನ್ನು ನೋಡುವನೋ ಅದೇ ದಾರಿಯಲ್ಲಿ ಮೀನು ಅವನನ್ನು ನೋಡುತ್ತದೆ.

ಮಾತೂ ಹೆಜ್ಜೆಯೂ

ಗಾಳ ಹಾಕುವಾಗ ಮಾತನಾಡಬಾರದೆಂದು ಹಿರಿಯರು ಗದರಿಸುವುದುಂಟು. ಭೌತಶಾಸ್ತ್ರ ಈ ವಿಷಯದಲ್ಲಿ ಮಕ್ಕಳ ಪಕ್ಷ. ಗಾಳಿಗೂ ನೀರಿಗೂ ಸಾಂದ್ರತೆಯಲ್ಲಿ ಬಹಳ ಅಂತರವಿದೆ. ಶಬ್ದದ ವೇಗವೂ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, ನೀರಿನಲ್ಲಿ ಸುಮಾರು 1,480 ಮೀಟರ್. ಈ ಎರಡು ವ್ಯತ್ಯಾಸಗಳು ಸೇರಿ, ಗಾಳಿಯಲ್ಲಿ ಬಂದ ಶಬ್ದದ ಶಕ್ತಿಯಲ್ಲಿ ಸುಮಾರು ಸಾವಿರದ ಒಂದು ಪಾಲು ಮಾತ್ರ ನೀರನ್ನು ಹೊಗುವಂತೆ ಮಾಡುತ್ತವೆ. ಉಳಿದದ್ದು ಮೇಲಿಂದಲೇ ಹಿಂದಿರುಗುತ್ತದೆ. ಗೆಳೆಯರಿಬ್ಬರ ಹರಟೆ ಮೀನಿಗೆ ಬಹುಮಟ್ಟಿಗೆ ಮುಟ್ಟುವುದಿಲ್ಲ.

ಮುಟ್ಟುವುದು ಅದಿರು. ಮೇಜಿಗೆ ಕಿವಿಯೊತ್ತಿ, ಅದರ ಇನ್ನೊಂದು ತುದಿಯನ್ನು ಉಗುರಿನಿಂದ ಕೆರೆದು ನೋಡಿದವರಿಗೆ ಇದು ತಿಳಿದಿದೆ. ದೋಣಿಯ ತಳ ನೀರನ್ನು ನೇರವಾಗಿ ತಾಗಿಕೊಂಡಿರುವುದರಿಂದ, ತಗಡಿನ ದೋಣಿಯಲ್ಲಿ ಪೆಟ್ಟಿಗೆಯೊಂದು ಜಾರಿಬಿದ್ದರೆ ಅದರ ಸದ್ದು ಗಾಳಿಯ ಸುಂಕದಕಟ್ಟೆಯನ್ನು ದಾಟಬೇಕಾಗಿಯೇ ಇಲ್ಲ. ದೋಣಿಯ ತಳವೇ ತಮಟೆಯ ಚರ್ಮದಂತೆ ನೀರನ್ನು ಬಡಿಯುತ್ತದೆ. ಮೀನಿಗೆ ತಲೆಯೊಳಗೆ ಕಿವಿಯುಂಟು; ಅದಲ್ಲದೆ ಮೈಯುದ್ದಕ್ಕೂ ಪಾರ್ಶ್ವರೇಖೆಯೆಂಬ ಇಂದ್ರಿಯವುಂಟು. ಹತ್ತಿರದ ನೀರಿನ ಸಣ್ಣ ಅಲುಗಾಟವನ್ನೂ ಅದು ಗ್ರಹಿಸುತ್ತದೆ. ದಡದವನಿಗೂ ಇದರಿಂದ ಪೂರ್ಣ ವಿನಾಯಿತಿಯಿಲ್ಲ. ಗಟ್ಟಿ ನೆಲದ ಮೇಲೆ ಧಡಧಡನೆ ನಡೆದರೆ ಆ ಅದಿರು ಮಣ್ಣಿನ ಮೂಲಕ ನೀರಿಗೆ ಇಳಿಯುತ್ತದೆ. ಆದರೆ ಅವನು ನಿಶ್ಚಲನಾಗಿ ನಿಲ್ಲಬಲ್ಲ. ನೀರಿನ ಮೇಲೆ ತೇಲುವ ದೋಣಿಗೆ ಅದು ಸಾಧ್ಯವಿಲ್ಲ.

ಇಳಿಜಾರಿನ ಲೆಕ್ಕ

ಇಷ್ಟರವರೆಗೆ ದಡದ್ದೇ ಮೇಲುಗೈಯೆಂದು ತೋರುವುದು. ಇನ್ನು ಮುಂದಿನ ಲೆಕ್ಕವನ್ನು ನೋಡಿರಿ. ಐದು ಮೀಟರಿಗೆ ಒಂದು ಮೀಟರಿನಂತೆ ತಳ ಇಳಿಯುವ ಸರೋವರವೊಂದಿದೆ. ಮೀನುಗಳು ಒಂದರಿಂದ ಎರಡು ಮೀಟರ್ ಆಳದಲ್ಲಿವೆ ಎಂದು ಭಾವಿಸೋಣ. ಆಗ ಅವುಗಳಿರುವ ಪಟ್ಟಿ ದಡದಿಂದ 5 ಮೀಟರಿಗೆ ಆರಂಭವಾಗಿ 10 ಮೀಟರಿಗೆ ಮುಗಿಯುತ್ತದೆ. ದಡದಿಂದ ನೇರವಾಗಿ 25 ಮೀಟರ್ ದೂರಕ್ಕೆ ಗಾಳವನ್ನು ಎಸೆದು ಎಳೆದುಕೊಂಡರೆ, ಆ 25 ಮೀಟರಿನಲ್ಲಿ ಮೀನಿರುವ ಪಟ್ಟಿಯಲ್ಲಿ ಸಾಗುವುದು 5 ಮೀಟರ್ ಮಾತ್ರ. ಉಳಿದ ಶ್ರಮವೆಲ್ಲ ವ್ಯರ್ಥ. ದೋಣಿಯವನಾದರೋ ಆ ಪಟ್ಟಿಯ ಮೇಲೆಯೇ ನಿಂತು ದಡಕ್ಕೆ ಸಮಾನಾಂತರವಾಗಿ ಎಸೆಯಬಲ್ಲ. ಅವನ ಗಾಳ 25 ಮೀಟರೂ ಮೀನಿನ ನಡುವೆಯೇ ಸಾಗುತ್ತದೆ.

ಆದರೆ ದೋಣಿಯಿಲ್ಲದವನು ನಿರಾಶನಾಗಬೇಕಾಗಿಲ್ಲ. ಅವನು ದಡದೊಡನೆ ಸುಮಾರು 24 ಡಿಗ್ರಿ ಕೋನ ಮಾಡಿ ಓರೆಯಾಗಿ ಎಸೆಯಲಿ. ಆಗ ಗಾಳ ಬೀಳುವುದು ದಡದಿಂದ 10 ಮೀಟರ್ ದೂರದಲ್ಲಿ. ಹಿಂದಿರುಗುವಾಗ ಮೀನಿನ ಪಟ್ಟಿಯಲ್ಲಿ ಅದು ಕ್ರಮಿಸುವ ದೂರ 12.5 ಮೀಟರ್. ಒಂದು ಕಾಸು ಖರ್ಚಿಲ್ಲದೆ, ಬರಿಯ ತ್ರಿಕೋಣಮಿತಿಯಿಂದ, ಅವಕಾಶ ಎರಡೂವರೆ ಪಟ್ಟು ಹೆಚ್ಚಿತು!

ಋತುವೂ ಆಳವೂ

ಮೀನು ವರ್ಷವಿಡೀ ಒಂದೇ ಆಳದಲ್ಲಿರುವುದಿಲ್ಲ. ವಸಂತದಲ್ಲಿ ದಡದ ಬಳಿಯ ತೆಳುನೀರು ಮೊದಲು ಬೆಚ್ಚಗಾಗುತ್ತದೆ. ನೀರಿನ ಉಷ್ಣತೆ ಸುಮಾರು 16 ಡಿಗ್ರಿ ಸೆಂಟಿಗ್ರೇಡನ್ನು ಮೀರುವ ವೇಳೆಗೆ ಬ್ಯಾಸ್ ಅಲ್ಲಿಗೆ ಬಂದು ಗೂಡು ಮಾಡುತ್ತದೆ. ಗಂಡು ಮೀನು ಮೊಟ್ಟೆಗಳನ್ನು ಕಾಯುತ್ತದೆ. ಆ ಕಾಲದಲ್ಲಿ ದಡದವನು ಮೀನಿನ ಮನೆಯ ಬಾಗಿಲಲ್ಲೇ ನಿಂತಿರುತ್ತಾನೆ. ಆದರೆ ಕಾವಲಿನ ಗಂಡನ್ನು ಹಿಡಿದೊಯ್ದರೆ ಬೇರೆ ಸಣ್ಣ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆಗಳನ್ನು ತಿಂದುಹಾಕುತ್ತವೆ. ಈ ಸುಲಭದ ಬೇಟೆಗೆ ಮುಂದಿನ ಪೀಳಿಗೆಯೇ ಬೆಲೆ.

ಬೇಸಿಗೆಯಲ್ಲಿ ಬೆಚ್ಚನೆಯ ಹಗುರ ನೀರು ಮೇಲೂ ತಣ್ಣನೆಯ ಭಾರದ ನೀರು ಕೆಳಗೂ ನಿಂತು, ನಡುವೆ ಉಷ್ಣತೆ ಥಟ್ಟನೆ ಇಳಿಯುವ ಒಂದು ಪದರ ಏರ್ಪಡುತ್ತದೆ. ಅನೇಕ ಸರೋವರಗಳಲ್ಲಿ ಆ ಪದರದ ಕೆಳಗೆ ಆಮ್ಲಜನಕ ಕ್ಷೀಣಿಸುವುದರಿಂದ ಮೀನು ಅದರ ಮೇಲೆಯೇ ಇರಬೇಕಾಗುತ್ತದೆ. ಆದರೂ ಹಗಲಿನಲ್ಲಿ ಅದು ದಡವನ್ನು ಬಿಟ್ಟು, ದೂರದ ಮುಳುಗಿದ ದಿಬ್ಬಗಳನ್ನು ಸೇರುವುದುಂಟು. ಅಲ್ಲಿಗೆ ದಡದ ಗಾಳ ಮುಟ್ಟದು. ದೋಣಿಯವನು ಮುಟ್ಟುವನು, ಅಷ್ಟೇ ಅಲ್ಲ, ಶಬ್ದದ ಪ್ರತಿಧ್ವನಿಯಿಂದ ಮೀನಿರುವ ತಾಣವನ್ನೂ ಅರಿಯುವನು. ಮೀನುಗಾರರು ಕೈಯಲ್ಲಿ ಒಯ್ಯಬಹುದಾದ ಇಂಥ ಪ್ರತಿಧ್ವನಿ ಯಂತ್ರವನ್ನು 1950ರ ದಶಕದ ಕೊನೆಯ ವೇಳೆಗೆ ಅಮೆರಿಕದ ಕಾರ್ಲ್ ಲೋರೆನ್ಸ್ ಬಳಕೆಗೆ ತಂದನು. ಹತ್ತು ಮೀಟರ್ ಆಳಕ್ಕೆ ಹೋದ ಶಬ್ದ ಸೆಕೆಂಡಿನ ಸಾವಿರದ 13.5 ಭಾಗದಲ್ಲಿ ಹಿಂದಿರುಗುತ್ತದೆ. ಈ ಪ್ರತಿಧ್ವನಿಯ ಹೆಚ್ಚಿನ ಪಾಲು ಮೀನಿನ ಮಾಂಸದಿಂದ ಬಂದುದಲ್ಲ. ಅದರ ಹೊಟ್ಟೆಯೊಳಗಿನ ಗಾಳಿಯ ಚೀಲದಿಂದ ಬಂದುದು. ಆ ಚೀಲದ ಕಥೆ ಇಲ್ಲಿಗೆ ಮುಗಿಯುವುದಿಲ್ಲ.

ಮೇಲೆ ಬಂದ ಮೀನಿನ ಪಾಡು

ಮೀನು ತೇಲದೆ ಮುಳುಗದೆ ನಡುನೀರಿನಲ್ಲಿ ನಿಲ್ಲುವುದು ಈ ಗಾಳಿಯ ಚೀಲದಿಂದ. ಕೆಲವು ಜಾತಿಯ ಮೀನುಗಳಲ್ಲಿ ಚೀಲದಿಂದ ಅನ್ನನಾಳಕ್ಕೆ ಕೊಳವೆಯಿದ್ದು ಹೆಚ್ಚಾದ ಗಾಳಿಯನ್ನು ಹೊರಬಿಡಬಹುದು. ಬೆಳೆದ ಬ್ಯಾಸಿಗೆ ಆ ಕೊಳವೆಯಿಲ್ಲ. ಗಾಳಿ ರಕ್ತದ ಮೂಲಕ ನಿಧಾನವಾಗಿಯೇ ಒಳಹೊರಗೆ ಹೋಗಬೇಕು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯಲ್ಲಿರುವುದರ ಸುಮಾರು ಎರಡರಷ್ಟು. ಅಲ್ಲಿಂದ ಮೀನನ್ನು ಒಂದು ನಿಮಿಷದಲ್ಲಿ ಮೇಲಕ್ಕೆಳೆದರೆ, ಬಾಯ್ಲನ ನಿಯಮದಂತೆ ಚೀಲದ ಗಾಳಿ ಇಮ್ಮಡಿ ಜಾಗವನ್ನು ಬೇಡುತ್ತದೆ. ಹೊಟ್ಟೆ ಉಬ್ಬುತ್ತದೆ, ಒಳಾಂಗಗಳು ಒತ್ತಲ್ಪಡುತ್ತವೆ. ನೀರಿಗೆ ಮರಳಿ ಬಿಟ್ಟರೂ ಮೀನು ಮುಳುಗಲಾರದೆ ಮೇಲೆಯೇ ತೇಲುತ್ತ ಬಿಸಿಲಿಗೂ ಹಕ್ಕಿಗಳಿಗೂ ಈಡಾಗುತ್ತದೆ. ಮೂರು ಮೀಟರಿನಿಂದ ಎಳೆದ ಮೀನಿನಲ್ಲಾದರೋ ಗಾಳಿ ಹಿಗ್ಗಲು ಬಯಸುವುದು 1.3ರಷ್ಟಕ್ಕೆ ಮಾತ್ರ. ತೆಳುನೀರಿನ ಮೀನನ್ನೇ ಹಿಡಿಯುವ ದಡದವನಿಗೆ ಈ ತೊಂದರೆ ಎದುರಾಗುವುದು ಅಪರೂಪ.

ಈ ವಿಷಯ ಈಗ ಬಹಳ ಮುಖ್ಯ. 1967ರಲ್ಲಿ ರೇ ಸ್ಕಾಟ್ ಎಂಬಾತನು ಆರ್ಕನ್ಸಾ ಸಂಸ್ಥಾನದ ಬೀವರ್ ಸರೋವರದಲ್ಲಿ ಬ್ಯಾಸ್ ಹಿಡಿಯುವ ದೊಡ್ಡ ಪಂದ್ಯವೊಂದನ್ನು ಏರ್ಪಡಿಸಿದನು. ಪಂದ್ಯಗಳು ಹೆಚ್ಚಿದಂತೆ ಸರೋವರಗಳು ಬರಿದಾಗುವುವೆಂಬ ಭಯವೂ ಹೆಚ್ಚಿತು. 1972ರಲ್ಲಿ ಅವನೇ, ಹಿಡಿದ ಮೀನನ್ನು ತೂಗಿ ಜೀವಂತವಾಗಿ ಮರಳಿ ಬಿಡುವ ಪದ್ಧತಿಯನ್ನು ಪಂದ್ಯಗಳಲ್ಲಿ ತಂದನು. ಉದ್ದೇಶ ಒಳ್ಳೆಯದು. ಆದರೆ ಬಿಟ್ಟ ಮೀನು ಬದುಕುವುದೋ ಇಲ್ಲವೋ ಎಂಬುದನ್ನು ದಯೆಯೊಂದೇ ನಿರ್ಧರಿಸಲಾರದು. ಅದನ್ನು ಎಳೆದ ಆಳವೂ ನಿರ್ಧರಿಸುತ್ತದೆ. ಇದನ್ನರಿತವರು ಉಬ್ಬಿದ ಮೀನಿಗೆ ಭಾರ ಕಟ್ಟಿದ ಚಿಮಟವನ್ನು ಸಿಕ್ಕಿಸಿ ಆಳಕ್ಕೆ ಇಳಿಸಿ ಬಿಡುತ್ತಾರೆ. ಒತ್ತಡ ಮರಳಿ ಚೀಲವನ್ನು ಕುಗ್ಗಿಸುತ್ತದೆ. ಎಲ್ಲಕ್ಕಿಂತ ಉತ್ತಮವೆಂದರೆ, ಬಿಡಬೇಕೆಂದಿರುವ ಮೀನನ್ನು ಬಹಳ ಆಳದಿಂದ ಎಳೆಯದಿರುವುದೇ.

ಹಾಗಾದರೆ ತೀರ್ಮಾನವೇನು? ದೋಣಿಯು ದೂರವನ್ನೂ ಆಳವನ್ನೂ ದಿಕ್ಕಿನ ಸ್ವಾತಂತ್ರ್ಯವನ್ನೂ ಕೊಡುತ್ತದೆ. ಆದರೆ ಅದರ ಸವಾರನನ್ನು ಮೀನಿಗೆ ತೋರಿಸಿಕೊಡುತ್ತದೆ, ಅವನ ಸದ್ದನ್ನು ನೀರಿಗೆ ಮುಟ್ಟಿಸುತ್ತದೆ. ದಡ ಅವನನ್ನು ಮರೆಮಾಡುತ್ತದೆ, ಆದರೆ ಕಟ್ಟಿಹಾಕುತ್ತದೆ. ವಸಂತದ ತೆಳುನೀರಿಗೆ ದಡವೇ ಸಾಕು. ಬೇಸಿಗೆಯ ನಡುಹಗಲಿಗೆ ದೋಣಿ ಬೇಕು. ಆದರೆ ಆಳದ ಮೀನನ್ನು ಎಳೆದು ಬಿಟ್ಟಾಗ ದೋಣಿಯ ಸೌಕರ್ಯದ ಬೆಲೆಯನ್ನು ತೆರುವುದು ಮನುಷ್ಯನಲ್ಲ, ಮೀನು. ಈ ಒಂದು ಬಾಬನ್ನು ಲೆಕ್ಕಕ್ಕೆ ಸೇರಿಸದೆ ಯಾರೂ ದೋಣಿಯನ್ನು ಹೊಗಳಬಾರದೆಂದು ನಮ್ಮ ಅಭಿಪ್ರಾಯ.

ಬ್ಯಾಸ್ ನಮ್ಮಲ್ಲಿಲ್ಲದಿದ್ದರೂ ವಕ್ರೀಭವನ ನಮ್ಮಲ್ಲಿಯೂ ಇದೆ. ತಿಳಿನೀರಿನ ಕೆರೆಯ ಮೆಟ್ಟಿಲಿನ ಮೇಲೆ ಸ್ವಲ್ಪ ಹೊತ್ತು ಅಲುಗದೆ ಕುಳಿತಿರಿ. ಸಣ್ಣ ಮೀನುಗಳು ಹತ್ತಿರ ಬಂದಮೇಲೆ ಗೆಳೆಯನೊಡನೆ ಮೆಲ್ಲನೆ ಮಾತನಾಡಿ ನೋಡಿರಿ, ಅನಂತರ ಕಲ್ಲನ್ನು ಕಾಲಿನಿಂದ ಒಮ್ಮೆ ಗುದ್ದಿರಿ, ಕೊನೆಗೆ ಎದ್ದುನಿಲ್ಲಿರಿ. ಯಾವುದಕ್ಕೆ ಅವು ಓಡಿದುವೆಂದು ಬರೆದಿಟ್ಟುಕೊಳ್ಳಿರಿ. ಇದಕ್ಕೆ ಗಾಳವೂ ಬೇಡ, ದೋಣಿಯೂ ಬೇಡ.