ಅಧ್ಯಾಯ 5: ವೇದಿಕೆ ಹತ್ತದವರು

2005ರ ಜನವರಿಯಲ್ಲಿ ಮೂರು ದಿನ ಬೆಂಗಳೂರಿನ ಕಣ್ಣೆಲ್ಲ ಬಳ್ಳಾರಿ ರಸ್ತೆಯ ಮೇಲಿತ್ತು. ಹೆಬ್ಬಾಳ ದಾಟಿ ಯಲಹಂಕದ ಕಡೆ ಹೋಗುವಾಗ ಸಿಗುವ ಜಕ್ಕೂರು ವಿಮಾನ ಕ್ಷೇತ್ರದಲ್ಲಿ ಅಮೆರಿಕದ ಟಿ.ವಿ. ಬೋಧಕ ಬೆನ್ನಿ ಹಿನ್ ಅವರ ಪ್ರಾರ್ಥನಾ ಸಭೆ ನಡೆಯಿತು. ಆಗ ಧರ್ಮಸಿಂಗ್ ಮುಖ್ಯಮಂತ್ರಿ. ಇದು ಮತಾಂತರದ ಹುನ್ನಾರ ಎಂದು ಸಂಘ ಪರಿವಾರದ ಸಂಘಟನೆಗಳು ಬೀದಿಗಿಳಿದವು. ಇದು ಪ್ರಾರ್ಥನೆ ಮಾತ್ರ ಎಂದು ಸಂಘಟಕರು ಹೇಳಿದರು. ಚರ್ಚೆಯೆಲ್ಲ ಆ ಜಗಳದ ಸುತ್ತಲೇ ಸುತ್ತಿತು. ವೇದಿಕೆ ಹತ್ತಿ ‘ನನಗೆ ವಾಸಿಯಾಯಿತು’ ಎಂದವರಿಗೆ ನಿಜಕ್ಕೂ ವಾಸಿಯಾಯಿತೇ ಎಂಬ ಪ್ರಶ್ನೆ ಮೂಲೆಗೆ ಬಿತ್ತು. ನನ್ನ ಮಟ್ಟಿಗೆ ಆ ಮೂರು ದಿನಗಳಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ.

ಮೊದಲು ಪರಿಭಾಷೆ ಮುಗಿಸಿಬಿಡೋಣ. ಟಿ.ವಿ. ಬೋಧಕರೆಂದರೆ ಇಲ್ಲಿ ಟಿ.ವಿ.ಯಲ್ಲಿ ಬೈಬಲ್ ಓದಿ ವಿವರಿಸುವ ಎಲ್ಲರೂ ಅಲ್ಲ. ಕ್ಯಾಮೆರಾದ ಎದುರು ರೋಗಿಗಳಿಗೆ ಸ್ವಸ್ಥತೆ ಕೊಡಿಸುವ, ಅವರಿಂದ ‘ಸಾಕ್ಷಿ’ ಹೇಳಿಸುವ, ಕಾಣಿಕೆ ಕಳಿಸಿದರೆ ಸಾಲ ತೀರುತ್ತದೆಂದು ಭರವಸೆ ಕೊಡುವ ಒಂದು ಬಗೆಯವರು. ಅಮೆರಿಕದ ಓರಲ್ ರಾಬರ್ಟ್ಸ್ 1950ರ ದಶಕದಲ್ಲಿ ಡೇರೆಯೊಳಗಿನ ಸ್ವಸ್ಥತಾ ಕೂಟವನ್ನು ಟಿ.ವಿ. ಪರದೆಗೆ ತಂದರು. ಆಮೇಲೆ ಕ್ಯಾಥರಿನ್ ಕೂಲ್ಮನ್ ಬಂದರು. ಇಸ್ರೇಲಿನ ಜಾಫಾದಲ್ಲಿ 1952ರಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಹಿನ್, ಕೂಲ್ಮನ್ ಸಭೆಗಳನ್ನು ನೋಡಿ ಪ್ರಭಾವಿತರಾದವರು. ನಮ್ಮ ಕೇಬಲ್ ಚಾನೆಲ್‌ಗಳಲ್ಲಿ ಕನ್ನಡ, ತಮಿಳು, ತೆಲುಗಿನಲ್ಲಿ ಕಾಣುವ ಎಷ್ಟೋ ಕಾರ್ಯಕ್ರಮಗಳ ಧಾಟಿ, ಹಿನ್ನೆಲೆಯ ಕೀಬೋರ್ಡ್ ರಾಗವೂ ಸೇರಿ, ಇದೇ ಪರಂಪರೆಯದು.

ಈ ವಿಷಯದ ಮೇಲೆ ಎಲ್ಲಿ ಮಾತಾಡಿದರೂ ಕೊನೆಗೊಬ್ಬರು ಎದ್ದು ನಿಲ್ಲುತ್ತಾರೆ. “ಸಾರ್, ನಮ್ಮ ಅತ್ತೆಗೇ ಮಂಡಿನೋವು ಹೋಯ್ತು. ಅವರೇನು ದುಡ್ಡು ಇಸ್ಕೊಂಡು ನಾಟಕ ಆಡಿದ್ರಾ?”

ಖಂಡಿತ ಇಲ್ಲ. ಜನ ಎಡವುವುದು ಇಲ್ಲಿಯೇ. ಒಂದೋ ಪವಾಡ, ಇಲ್ಲವೋ ನಾಟಕ, ಎರಡೇ ದಾರಿ ಎಂದುಕೊಳ್ಳುತ್ತೇವೆ. ಅತ್ತೆ ಸುಳ್ಳು ಹೇಳುವವರಲ್ಲ, ಆದ್ದರಿಂದ ಪವಾಡವೇ ಎಂಬ ತೀರ್ಮಾನಕ್ಕೆ ಬರುತ್ತೇವೆ. ಇದಕ್ಕೆ ವಿಚಾರವಾದಿಗಳ ಪಾಲೂ ಇದೆ. ನಾವು ಎಲ್ಲಿ ಹೋದರೂ ಪೀಟರ್ ಪೋಪೋಫ್ ಕಥೆ ಹೇಳುತ್ತೇವೆ, ಏಕೆಂದರೆ ಅದು ರಂಜನೀಯವಾಗಿದೆ. ಈ ಬೋಧಕರು ಸಭಿಕರ ಹೆಸರು, ವಿಳಾಸ, ಕಾಯಿಲೆಗಳನ್ನು ದೇವರೇ ತಿಳಿಸಿದಂತೆ ಹೇಳುತ್ತಿದ್ದರು. 1986ರಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿ ತಂಡ ರೇಡಿಯೋ ಸ್ಕ್ಯಾನರ್ ಹಿಡಿದು ಸಭೆಗೆ ಹೋಯಿತು. 39.17 ಮೆಗಾಹರ್ಟ್ಸ್‌ನಲ್ಲಿ ‘ದೇವರ ದನಿ’ ಸಿಕ್ಕಿತು. ಸಭಿಕರು ತುಂಬಿಕೊಟ್ಟ ಪ್ರಾರ್ಥನಾ ಚೀಟಿಗಳನ್ನು ಓದುತ್ತಿದ್ದ ಪೋಪೋಫ್ ಹೆಂಡತಿಯ ದನಿ ಅದು! ಗಂಡನ ಕಿವಿಯಲ್ಲಿ ಪುಟ್ಟ ರಿಸೀವರ್. ಮರುವರ್ಷವೇ ಅವರು ದಿವಾಳಿಯಾದರು. (ಆಮೇಲೆ ‘ಪವಾಡದ ನೀರು’ ಹಿಡಿದು ಟಿ.ವಿ.ಗೆ ವಾಪಸಾದರು, ಅದು ಬೇರೆ ಮಾತು.) ಈ ಕಥೆ ಕೇಳಿದವರು ಪ್ರತಿ ಬೋಧಕರ ಕಿವಿಯಲ್ಲೂ ರಿಸೀವರ್ ಹುಡುಕುತ್ತಾರೆ. ಅದು ಸಿಗದಿದ್ದರೆ ನಂಬಿಬಿಡುತ್ತಾರೆ. ವೇದಿಕೆ ನಡೆಯಲು ಸುಳ್ಳುಗಾರರು ಬೇಕೇಬೇಕೆಂದಿಲ್ಲ. ಅದಕ್ಕೆ ಒಂದು ಜರಡಿ ಸಾಕು.

ಆ ಜರಡಿ ಹೀಗಿರುತ್ತದೆ. ದೊಡ್ಡ ಮೈದಾನಕ್ಕೆ ಸಾವಿರಗಟ್ಟಲೆ ರೋಗಿಗಳು ಬರುತ್ತಾರೆ. ಗಂಟೆಗಟ್ಟಲೆ ಹಾಡು, ಸ್ತೋತ್ರ, ಬಿಸಿಲು, ಕಾಯುವಿಕೆ. ‘ನಿಮ್ಮ ದೇಹದಲ್ಲಿ ಏನೋ ಬದಲಾವಣೆ ಆಗುತ್ತಿದೆ, ಯಾರಿಗೆ ಅನುಭವವಾಯಿತೋ ಅವರು ಮುಂದೆ ಬನ್ನಿ’ ಎಂಬ ಕರೆ ಬರುತ್ತದೆ. ಏನೂ ಅನಿಸದವರು ಅಲ್ಲಿಯೇ ಕೂತಿರುತ್ತಾರೆ. ಅದು ಮೊದಲ ಕಣ್ಣು. ಮುಂದೆ ಬಂದವರನ್ನು ವೇದಿಕೆಯ ಪಕ್ಕದಲ್ಲಿ ಸ್ವಯಂಸೇವಕರು ಮಾತಾಡಿಸುತ್ತಾರೆ. ಏನಾಗಿತ್ತು, ಈಗ ಹೇಗಿದೆ, ಮೈಕಿನಲ್ಲಿ ಹೇಳುತ್ತೀರಾ? ‘ಸ್ವಲ್ಪ ಹಗುರ ಅನಿಸ್ತಿದೆ’ ಎಂದವರಿಗಿಂತ ‘ಪೂರ್ತಿ ಹೋಯ್ತು’ ಎಂದು ಕಣ್ಣೀರಿಟ್ಟವರು ಮುಂದಕ್ಕೆ ಹೋಗುತ್ತಾರೆ. ಕೆನಡಾದ ಸಿ.ಬಿ.ಸಿ. ವಾಹಿನಿ 2004ರಲ್ಲಿ ಗುಪ್ತ ಕ್ಯಾಮೆರಾ ಇಟ್ಟು ಹಿನ್ ಸಭೆಗಳನ್ನು ಪರಿಶೀಲಿಸಿತು. ಕೈಕಾಲು ಸ್ವಾಧೀನ ತಪ್ಪಿದವರು, ಮೆದುಳಿಗೆ ಪೆಟ್ಟಾದವರು, ಅಂದರೆ ಕಣ್ಣಿಗೇ ಕಾಣುವ ತೊಂದರೆಯಿದ್ದವರು ಸಾಲಿಗೆ ಸೇರಲು ಬಂದಾಗ ಅವರನ್ನು ತಡೆದು ಜಾಗಕ್ಕೆ ಕಳಿಸುತ್ತಿದ್ದುದನ್ನು ಅದು ತೋರಿಸಿತು. ಇದು ಎರಡನೇ ಕಣ್ಣು. ವೇದಿಕೆಯ ಮೇಲೆ ಪ್ರತಿಯೊಬ್ಬರಿಗೂ ಸಿಗುವುದು ಅರ್ಧ ನಿಮಿಷವೋ ಒಂದು ನಿಮಿಷವೋ. ಕೊನೆಗೆ ಎಡಿಟಿಂಗ್ ಕೋಣೆ. ತಡವರಿಸಿದವರು, ಮತ್ತೆ ಕುಂಟಿದವರು ಅಲ್ಲಿ ಉದುರಿಹೋಗುತ್ತಾರೆ.

ಈಗ ಆರ್.ಟಿ. ನಗರದ ಮನೆಯೊಂದರಲ್ಲಿ ಕೂತು ಟಿ.ವಿ. ನೋಡುತ್ತಿರುವವರ ಕಣ್ಣಿಗೆ ಏನು ಬೀಳುತ್ತದೆ? ಹತ್ತಾರು ಜನ, ಒಬ್ಬರಾದ ಮೇಲೊಬ್ಬರು ವಾಸಿಯಾದವರೇ. ಅವರಲ್ಲಿ ಬಹುಪಾಲು ಸುಳ್ಳು ಹೇಳುತ್ತಿಲ್ಲ. ಸ್ವಯಂಸೇವಕರೂ ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದಾರೆ, ಸಾಕ್ಷಿ ಸ್ಪಷ್ಟವಾಗಿರಲಿ ಎಂದಷ್ಟೇ ಅವರ ಕಾಳಜಿ. ಆದರೂ ಪರದೆಯ ಮೇಲಿನ ಚಿತ್ರ ಪೂರ್ತಿ ಸುಳ್ಳು. ಮೈದಾನದ ಹಿಂದಿನ ಸಾಲಿನಿಂದ ಗಾಲಿಕುರ್ಚಿಯಲ್ಲೇ ಮನೆಗೆ ಮರಳಿದವರಿಗೆ ಚಾನೆಲ್‌ನಲ್ಲಿ ಜಾಗವಿಲ್ಲ.

ಹಾಗಾದರೆ ಅತ್ತೆಯ ಮಂಡಿ? ಸಂಧಿವಾತದ ನೋವು ದಿನದಿಂದ ದಿನಕ್ಕೆ ಏರಿಳಿಯುವಂಥದು. ನಾವು ದೇವರನ್ನೋ ಡಾಕ್ಟರನ್ನೋ ಹುಡುಕಿಕೊಂಡು ಹೋಗುವುದು ನೋವು ತೀರಾ ಹೆಚ್ಚಾದಾಗ. ಅಲ್ಲಿಂದ ಮುಂದೆ ಅದು ಇಳಿಯುವ ಸಾಧ್ಯತೆಯೇ ಹೆಚ್ಚು, ಯಾರು ಮುಟ್ಟಿದರೂ, ಮುಟ್ಟದಿದ್ದರೂ. ಇದರ ಮೇಲೆ ಉದ್ವೇಗ ಸೇರಿಸಿ. ಅಡ್ರಿನಲಿನ್ ಮತ್ತು ಮೆದುಳೇ ತಯಾರಿಸುವ ನೋವುನಿವಾರಕಗಳು ಕೆಲವು ಗಂಟೆ ನೋವನ್ನು ಮುಚ್ಚಿಹಾಕುತ್ತವೆ. ಆಟದ ನಡುವೆ ಪೆಟ್ಟು ಬಿದ್ದ ಕಬಡ್ಡಿ ಆಟಗಾರನಿಗೆ ನೋವು ತಿಳಿಯುವುದು ಆಟ ಮುಗಿದ ಮೇಲೆಯೇ. ನೋವು ಹೀಗೆ ಮಣಿಯುತ್ತದೆ. ರಕ್ತದ ಸಕ್ಕರೆ ಮಣಿಯುವುದಿಲ್ಲ, ಗಡ್ಡೆಯ ಅಳತೆ ಮಣಿಯುವುದಿಲ್ಲ. ಸಾಕ್ಷಿ ಹೇಳುವವರ ಕಾಯಿಲೆಗಳನ್ನು ಒಂದು ಸಂಜೆ ಪಟ್ಟಿ ಮಾಡಿ ನೋಡಿ: ಬೆನ್ನುನೋವು, ತಲೆನೋವು, ನಿದ್ದೆ ಬಾರದಿರುವುದು, ‘ಉಸಿರು ಹಿಡಿದಂತಾಗುವುದು’. ಕತ್ತರಿಸಿದ ಕಾಲು ಚಿಗುರಿದ ಸಾಕ್ಷಿಯನ್ನು ನೀವು ಕಾಣುವುದಿಲ್ಲ.

ಇದನ್ನು ತಾಳ್ಮೆಯಿಂದ ಪರೀಕ್ಷಿಸಿದವರು ಮಿನೆಸೋಟಾದ ಶಸ್ತ್ರವೈದ್ಯ ವಿಲಿಯಂ ನೋಲನ್. ಅವರು ವಿಚಾರವಾದಿ ಚಳವಳಿಯವರೇನೂ ಅಲ್ಲ, ತೆರೆದ ಮನಸ್ಸಿನಿಂದ ಹೋದವರು. ಕ್ಯಾಥರಿನ್ ಕೂಲ್ಮನ್ ಸಭೆಯಲ್ಲಿ ವಾಸಿಯಾಯಿತೆಂದ 23 ಮಂದಿಯ ಬೆನ್ನು ಹತ್ತಿ ವಿಚಾರಿಸಿ 1974ರಲ್ಲಿ ಪುಸ್ತಕ ಬರೆದರು. ಪವಾಡವೆನ್ನಬಹುದಾದ ಒಂದು ಪ್ರಕರಣವೂ ಸಿಗಲಿಲ್ಲ. ಬೆನ್ನುಮೂಳೆಯ ಕ್ಯಾನ್ಸರ್ ಇದ್ದ ಹೆಂಗಸೊಬ್ಬರು ಬೆನ್ನಿನ ಆಧಾರಪಟ್ಟಿ ಕಿತ್ತೆಸೆದು ವೇದಿಕೆಯ ಮೇಲೆ ಓಡಿದ್ದರು. ಮರುದಿನ ಬೆನ್ನುಮೂಳೆ ಕುಸಿಯಿತು, ನಾಲ್ಕು ತಿಂಗಳಿಗೆ ತೀರಿಕೊಂಡರು. ಆ ಸಂಜೆ ನೋವಿಲ್ಲವೆಂದು ಅವರು ಹೇಳಿದ್ದು ನಿಜವೇ ಇರಬೇಕು.

ನಮ್ಮ ಊರಿನಲ್ಲಿ ಇದಕ್ಕಿಂತ ಹತ್ತಿರದ ಅಪಾಯ ಕ್ಷಯ. ಮಾಮೂಲಿ ಕ್ಷಯಕ್ಕೆ ಆರು ತಿಂಗಳ ಮಾತ್ರೆ. ಆದರೆ ಕೆಲವೇ ವಾರಗಳಲ್ಲಿ ಜ್ವರ ಬಿಡುತ್ತದೆ, ಕೆಮ್ಮು ತಗ್ಗುತ್ತದೆ, ಹಸಿವು ಮರಳುತ್ತದೆ. ಸರಿಯಾಗಿ ಆ ಹೊತ್ತಿಗೆ ಒಂದು ಸ್ವಸ್ಥತಾ ಕೂಟ ಬಂದರೆ ಕೀರ್ತಿ ಯಾರಿಗೆ ಸಲ್ಲುತ್ತದೆ? ಮಾತ್ರೆ ನಿಂತರೆ ಔಷಧಿಗೆ ಬಗ್ಗದ ಕ್ಷಯ ಮನೆಮಂದಿಗೆಲ್ಲ ಅಂಟಬಹುದು. ಇನ್ಸುಲಿನ್ ಮೇಲೆಯೇ ಬದುಕಿರುವ ಮಕ್ಕಳಿಗೆ ಅದನ್ನು ನಿಲ್ಲಿಸಿದರೆ ದಿನಗಳಲ್ಲೇ ಜೀವಕ್ಕೆ ಕುತ್ತು. ಮೂರ್ಛೆರೋಗದ ಮಾತ್ರೆಯದೂ ಇದೇ ಪಾಡು.

ಹಣೆ ಮುಟ್ಟಿದೊಡನೆ ಹಿಂದಕ್ಕೆ ಬೀಳುವುದರ ಬಗ್ಗೆ ಎಲ್ಲರಿಗೂ ಕುತೂಹಲ. ಅದರಲ್ಲಿ ಅಂಥ ಗುಟ್ಟಿಲ್ಲ. ಮುಂದಿನವರು ಬಿದ್ದದ್ದನ್ನು ನೋಡಿಕೊಂಡೇ ನಿಮ್ಮ ಸರದಿ ಬರುತ್ತದೆ, ಹಿಡಿದುಕೊಳ್ಳಲು ಬೆನ್ನ ಹಿಂದೆ ಇಬ್ಬರು ನಿಂತಿರುತ್ತಾರೆ, ಬೀಳದೆ ನಿಂತರೆ ನಂಬಿಕೆ ಸಾಲದು ಎಂಬ ಅಳುಕು ಬೇರೆ.

ಇನ್ನೊಂದು ತಂತ್ರವನ್ನು ಪೆನ್ನು ಹಿಡಿದು ಲೆಕ್ಕ ಹಾಕಿದರೆ ಒಳ್ಳೆಯ ಮಜಾ ಇದೆ. ಬೋಧಕರು ಕಣ್ಣು ಮುಚ್ಚಿ, “ಈ ಕಾರ್ಯಕ್ರಮ ನೋಡುತ್ತಿರುವ ಒಬ್ಬ ಸಹೋದರಿ, ನಿಮ್ಮ ಎಡಮಂಡಿ ನೋಯುತ್ತಿದೆ, ಮಗನ ಕೆಲಸದ ಚಿಂತೆ ಇದೆ, ಕರ್ತನು ಈಗ ನಿಮ್ಮನ್ನು ಮುಟ್ಟುತ್ತಿದ್ದಾನೆ” ಎನ್ನುತ್ತಾರೆ. ಒಂದು ಲಕ್ಷ ಜನ ನೋಡುತ್ತಿದ್ದಾರೆಂದು ಇಟ್ಟುಕೊಳ್ಳಿ. ನೂರರಲ್ಲಿ ಒಬ್ಬರಿಗೆ ಈ ಎರಡೂ ಹೊಂದಿದರೂ ಸಾವಿರ ಜನ ಬೆಚ್ಚಿಬೀಳುತ್ತಾರೆ. ಅವರಲ್ಲಿ ಇಪ್ಪತ್ತು ಜನ ಫೋನ್ ಮಾಡಿದರೆ ಮುಂದಿನ ವಾರದ ಸಾಕ್ಷಿ ಸಿದ್ಧ. ಉಳಿದ 99,000 ಜನ ತಮಗಲ್ಲವೆಂದು ಸುಮ್ಮನಾಗುತ್ತಾರೆ. ಕಾರ್ಯಕ್ರಮ ಎಂದೋ ರೆಕಾರ್ಡ್ ಆಗಿದ್ದರೂ ‘ಈಗ’ ಎಂಬ ಪದ ಮಾತ್ರ ಪ್ರತಿ ಮರುಪ್ರಸಾರದಲ್ಲೂ ತಾಜಾ.

ಸಂಖ್ಯೆಗಳನ್ನು ನೋಡುವಾಗಲೂ ಪೆನ್ನು ಕೈಯಲ್ಲಿರಲಿ. ಭಾರತದಲ್ಲಿ ತಮ್ಮ ಒಂದು ಸಭಾಸರಣಿಗೆ ಮೂರು ಕೂಟಗಳಲ್ಲಿ ಒಟ್ಟು 73 ಲಕ್ಷ ಜನ ಸೇರಿದ್ದರೆಂದು ಹಿನ್ ಸಂಸ್ಥೆ ಹೇಳಿಕೊಂಡಿದೆ, ಅಂದರೆ ಕೂಟಕ್ಕೆ 24 ಲಕ್ಷ. ಜಕ್ಕೂರು ಮೈದಾನ ಇನ್ನೂರು ಎಕರೆಯ ಆಸುಪಾಸು, ಸುಮಾರು 8 ಲಕ್ಷ ಚದರ ಮೀಟರ್. ರನ್‌ವೇ, ಹ್ಯಾಂಗರ್, ವೇದಿಕೆ, ಓಣಿ ಯಾವುದನ್ನೂ ಕಳೆಯದೆ ಮೀಟರಿಗೆ ಇಬ್ಬರಂತೆ ಒತ್ತಿ ಕೂರಿಸಿದರೂ 16 ಲಕ್ಷ ದಾಟದು. 2001ರ ಜನಗಣತಿಯಲ್ಲಿ ಬೆಂಗಳೂರಿನ ಜನರೆಲ್ಲ ಸೇರಿ ಸುಮಾರು 57 ಲಕ್ಷ.

ಹಣದ ವಿಷಯ ಚಿಕ್ಕದು, ಏಕೆಂದರೆ ಅದು ಎಲ್ಲರಿಗೂ ಗೊತ್ತು. ಕಾಣಿಕೆ ಬೀಜವಿದ್ದಂತೆ, ಬಿತ್ತಿದರೆ ನೂರರಷ್ಟು ಬೆಳೆ ಎಂಬ ಮಾತನ್ನು ಚಲಾವಣೆಗೆ ತಂದದ್ದು ಓರಲ್ ರಾಬರ್ಟ್ಸ್. 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ತನ್ನನ್ನು ಕರೆದುಕೊಳ್ಳುತ್ತಾನೆಂದು 1987ರಲ್ಲಿ ಹೇಳಿದವರೂ ಅವರೇ. ಬೆಳೆ ಬಾರದಿದ್ದರೆ ತಪ್ಪು ಬಿತ್ತಿದವರ ನಂಬಿಕೆಯದು, ಮಾರಿದವರದಲ್ಲ. ಅಮೆರಿಕದ ಸೆನೆಟ್ ಸಮಿತಿಯೊಂದು 2007ರಲ್ಲಿ ಹಿನ್ ಸೇರಿ ಆರು ಬೋಧಕರ ಲೆಕ್ಕಪತ್ರ ಕೇಳಿತು. ಪೂರ್ತಿ ಸಹಕರಿಸಿದ ಇಬ್ಬರಲ್ಲಿ ಹಿನ್ ಒಬ್ಬರು. ಬೀಜದ ಕಾಣಿಕೆಗೆ ಇಷ್ಟು ಡಾಲರ್ ಎಂದು ಬೆಲೆ ಕಟ್ಟುವುದು ತಪ್ಪೆಂದು 2019ರಲ್ಲಿ ಅವರೇ ಹೇಳಿದರು. ಅದಕ್ಕೂ ಮುಂಚೆ ಅವರ ಸೋದರನ ಮಗ ಕೋಸ್ಟಿ ಹಿನ್ ಈ ಬೋಧನೆಯನ್ನು ಬಹಿರಂಗವಾಗಿ ತೊರೆದಿದ್ದರು. ಕಟು ಟೀಕಾಕಾರರಲ್ಲಿ ಅನೇಕರು ನಿಷ್ಠಾವಂತ ಕ್ರೈಸ್ತರೇ ಎಂಬುದನ್ನು ನಮ್ಮ ವಿಚಾರವಾದಿಗಳು ಮರೆಯಬಾರದು.

ಹಾಗೆ ನೋಡಿದರೆ ಜಕ್ಕೂರಿನಿಂದ ಬಳ್ಳಾರಿ ರಸ್ತೆಯಲ್ಲೇ ನಗರದ ಕಡೆ ಬಂದರೆ ಹೆಬ್ಬಾಳದಲ್ಲಿ 1973ರಿಂದ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆ ಇದೆ. ಕ್ರೈಸ್ತ ಮಿಷನ್ ಕಟ್ಟಿದ ಆಸ್ಪತ್ರೆ. ಅಲ್ಲಿ ಪ್ರಾರ್ಥನೆಯೂ ಇದೆ, ಆಪರೇಷನ್ ಥಿಯೇಟರೂ ಇದೆ, ಒಂದು ಇನ್ನೊಂದರ ಕೆಲಸಕ್ಕೆ ಕೈ ಹಾಕುವುದಿಲ್ಲ. ಕ್ಯಾಥೊಲಿಕರ ಲೂರ್ದ್ ಯಾತ್ರಾಸ್ಥಳದಲ್ಲಿ ವೈದ್ಯರ ದಫ್ತರವೇ ಇದೆ. ಅಲ್ಲಿಗೆ ಬಂದ 7,000ಕ್ಕೂ ಹೆಚ್ಚು ವಾಸಿಯಾದ ಹೇಳಿಕೆಗಳಲ್ಲಿ 2018ರ ತನಕ ಚರ್ಚು ಪವಾಡವೆಂದು ಒಪ್ಪಿದ್ದು 70ನ್ನು. ಆ ಎಪ್ಪತ್ತನ್ನೂ ನಾನು ಒಪ್ಪುವುದಿಲ್ಲ, ಆದರೆ ಹಳೆಯ ದಾಖಲೆ ತನ್ನಿ, ವರ್ಷಗಟ್ಟಲೆ ಕಾಯೋಣ ಎನ್ನುವ ಆ ಶಿಸ್ತಿಗೆ ಕೈ ಮುಗಿಯುತ್ತೇನೆ.

ಕಾನೂನಿನಿಂದ ಹೆಚ್ಚು ನಿರೀಕ್ಷಿಸಬೇಡಿ. ಕರ್ನಾಟಕದ 2017ರ ಮೌಢ್ಯ ವಿರೋಧಿ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ಹಾವು, ನಾಯಿ ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದನ್ನು ಅದು ತಡೆಯುತ್ತದೆ. ಪೂಜೆ, ಪ್ರಾರ್ಥನೆಗಳನ್ನು ಮುಟ್ಟುವುದಿಲ್ಲ. ಮುಟ್ಟಬಾರದು ಕೂಡ.

ನಮಗೆ ಬೇಕಿರುವುದು ಎಚ್. ನರಸಿಂಹಯ್ಯನವರ ದಾರಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ ಎಚ್ಚೆನ್, ಸತ್ಯಸಾಯಿಬಾಬಾ ಅವರಿಗೆ ಕಾಗದ ಬರೆದು ಪರೀಕ್ಷೆಗೆ ಕರೆದವರು. ಜಕ್ಕೂರಿನ ಸಭೆ ನಡೆದ ತಿಂಗಳ 31ರಂದೇ ಅವರು ತೀರಿಕೊಂಡರು. ಅವರ ಸಮಿತಿಯ ಕೆಲಸ ಮುಂದುವರಿಸಲು ವಿಶ್ವವಿದ್ಯಾಲಯವೇ ಬೇಕಿಲ್ಲ. ಈ ಪುಸ್ತಕ ಓದುತ್ತಿರುವ ವೈದ್ಯಕೀಯ, ನರ್ಸಿಂಗ್, ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ನಾಲ್ಕೈದು ಜನ ಸೇರಿದರೆ ಸಾಕು. ಮುಂದಿನ ಕೂಟದಲ್ಲಿ ಸಾಕ್ಷಿ ಹೇಳಿದ ಇಪ್ಪತ್ತು ಮಂದಿಯ ಒಪ್ಪಿಗೆ ಕೇಳಿ, ಕೂಟಕ್ಕೆ ಮುಂಚಿನ ಎಕ್ಸ್‌ರೇ, ರಕ್ತಪರೀಕ್ಷೆ, ಔಷಧಿ ಚೀಟಿ ಇದ್ದರೆ ನಕಲು ಪಡೆಯಿರಿ. ಆರು ತಿಂಗಳ ನಂತರ ಅದೇ ಪರೀಕ್ಷೆ ಮತ್ತೆ ಮಾಡಿಸಿ. ಜೊತೆಗೆ ವೇದಿಕೆ ಹತ್ತಲಾಗದ ಇಪ್ಪತ್ತು ಮಂದಿಯನ್ನೂ ಹುಡುಕಿ ಬರೆದುಕೊಳ್ಳಿ. ಮಾತ್ರೆ ನಿಲ್ಲಿಸಿದ್ದೀರಾ ಎಂಬ ಪ್ರಶ್ನೆಯನ್ನು ಮಾತ್ರ ಆರು ತಿಂಗಳು ಕಾಯದೆ ಮೊದಲ ದಿನವೇ ಕೇಳಿ.