ತಿರುಮಲನ ಹೆಸರು ಹೊತ್ತ ಚಿಟ್ಟೆ

ತಿರುಮಲ ಎಂದೊಡನೆ ಕನ್ನಡಿಗನ ಮನಸ್ಸು ಏಳು ಬೆಟ್ಟಗಳ ಮೆಟ್ಟಿಲನ್ನು ಏರತೊಡಗುತ್ತದೆ. ಮುಡಿ ಕೊಟ್ಟ ಮಕ್ಕಳು, ಲಡ್ಡುವಿನ ಪರಿಮಳ, ಬೆಳಗಿನ ಜಾವದ ಸುಪ್ರಭಾತ, ಇವೇ ಕಣ್ಣ ಮುಂದೆ ಸುಳಿಯುತ್ತವೆ. ಆದರೆ ಕೀಟಶಾಸ್ತ್ರಜ್ಞರ ಕೂಟದಲ್ಲಿ ಈ ಹೆಸರನ್ನು ಎತ್ತಿ ನೋಡಿ; ಅವರಿಗೆ ನೆನಪಾಗುವುದು ಬೆಟ್ಟವಲ್ಲ, ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಗೀರುಗಳನ್ನು ಹೊತ್ತ ಒಂದು ಚಿಟ್ಟೆ. ಶಾಸ್ತ್ರದಲ್ಲಿ ಅದರ ಕುಲನಾಮವೇ ‘ತಿರುಮಲ’. ತಿರುಪತಿಗೆ ಹರಕೆ ಹೊತ್ತು ಹೊರಟ ಭಕ್ತರಂತೆ ಈ ಚಿಟ್ಟೆಗಳೂ ವರ್ಷಕ್ಕೊಮ್ಮೆ ಗುಂಪುಗುಂಪಾಗಿ ಮೂಡಣ ದಿಕ್ಕಿಗೆ ಯಾತ್ರೆ ಹೊರಡುತ್ತವೆ ಎಂಬುದನ್ನು ಕೇಳಿದಾಗ, ಹೆಸರಿಟ್ಟ ಪುಣ್ಯಾತ್ಮನಿಗೆ ಭವಿಷ್ಯ ತಿಳಿದಿತ್ತೇನೋ ಎಂದು ಸೋಜಿಗಪಡಬೇಕಾಗುತ್ತದೆ.

ಹಿರಿಯೂರಿನ ಬಳಿಯ ಆದಿವಾಲ ಬಯಲುಸೀಮೆಯ ಊರು. ವರ್ಷವಿಡೀ ಸುರಿದ ಮಳೆಯನ್ನೆಲ್ಲ ಕೂಡಿಸಿದರೂ ಈ ಸೀಮೆಯಲ್ಲಿ 600 ಮಿಲಿಮೀಟರಿನ ಆಸುಪಾಸಿಗೆ ನಿಂತುಬಿಡುತ್ತದೆ. ವೇದಾವತಿಗೆ ಮಾರಿಕಣಿವೆಯಲ್ಲಿ ಅಡ್ಡಗಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ ಇಲ್ಲದಿದ್ದರೆ ಹಿರಿಯೂರಿನ ಸುತ್ತ ಇಷ್ಟು ತೆಂಗು, ಇಷ್ಟು ಹಸಿರು ಕಾಣುತ್ತಿರಲಿಲ್ಲ. ಆ ಜಲಾಶಯವಾದರೂ 1933ರಲ್ಲಿ ಒಮ್ಮೆ ಕೋಡಿ ಬಿದ್ದುದು ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಿಸಿತೆಂದರೆ, ಈ ನೆಲದ ಬಾಯಾರಿಕೆ ಎಂಥದೆಂದು ಊಹಿಸಿಕೊಳ್ಳಬಹುದು. ಇಲ್ಲಿಂದ ಪಡುವಣಕ್ಕೆ ಒಂದು ಹಗಲಿನ ಪಯಣದ ದೂರದಲ್ಲಿರುವ ಆಗುಂಬೆಯಲ್ಲಿ ಮಳೆ 7,000 ಮಿಲಿಮೀಟರನ್ನೂ ಮೀರಿ ಸುರಿಯುತ್ತದೆ. ಚಿಟ್ಟೆಗಳ ಕಥೆಯ ಬೀಜ ಇರುವುದು ಈ ಎರಡು ಅಂಕಿಗಳ ನಡುವಣ ಅಂತರದಲ್ಲಿ.

ಚಿಟ್ಟೆಗೆ ಮೈಯಲ್ಲಿ ಸ್ವಂತ ಬಿಸಿಯಿಲ್ಲ. ಬಿಸಿಲಿಗೆ ರೆಕ್ಕೆಯೊಡ್ಡಿ ಕಾಯಿಸಿಕೊಂಡಮೇಲೆ ಅದಕ್ಕೆ ಹಾರಾಟ, ಹಾರಿದಮೇಲೆ ಊಟ. ತಿಂಗಳುಗಟ್ಟಲೆ ಸೂರ್ಯನ ಮುಖ ಕಾಣದ ಮಲೆನಾಡಿನ ಮಳೆಗಾಲ ಅದರ ಪಾಲಿಗೆ ಉಪವಾಸವೇ ಸರಿ. ಆದುದರಿಂದ ನೈಋತ್ಯ ಮುಂಗಾರು ಕಾಲಿಡುವುದಕ್ಕೆ ಸ್ವಲ್ಪ ಮೊದಲು, ಏಪ್ರಿಲ್‌ನಿಂದ ಜೂನ್‌ವರೆಗಿನ ದಿನಗಳಲ್ಲಿ, ಸಹ್ಯಾದ್ರಿಯ ಕಾಡುಗಳಿಂದ ಈ ಚಿಟ್ಟೆಗಳು ಹೊರಬಿದ್ದು ಪೂರ್ವದ ಬಯಲಿಗೂ ಪೂರ್ವಘಟ್ಟಗಳಿಗೂ ವಲಸೆ ಹೋಗುತ್ತವೆ. ಈ ದಾರಿಯ ನಡುವೆ ಹರಡಿಕೊಂಡಿರುವುದೇ ಚಿತ್ರದುರ್ಗದ ಬಯಲು. ಮೋಡ ಕವಿಯುವ ಮುನ್ನಿನ ಒಂದು ಬೆಳಗ್ಗೆ ಹೊಲದ ಬದುವಿನ ಮೇಲೆ ನಿಂತು ನೋಡುವವನಿಗೆ, ಒಂದರ ಹಿಂದೊಂದು ಚಿಟ್ಟೆ ಅತ್ತಿತ್ತ ನೋಡದೆ, ಹೂವಿಗೆ ಮರುಳಾಗದೆ ಒಂದೇ ದಿಕ್ಕಿಗೆ ಸಾಗುತ್ತಿರುವುದು ಕಂಡರೆ, ಅದು ವಲಸೆಯೆಂದು ತಿಳಿಯಬೇಕು. ಮಾಮೂಲು ಚಿಟ್ಟೆಯ ಹಾರಾಟ ಸಂತೆಯಲ್ಲಿ ತಿರುಗಾಡುವವರ ನಡಿಗೆಯಂತೆ. ವಲಸೆಯ ಚಿಟ್ಟೆಯದು ರೈಲು ಹಿಡಿಯಲು ಹೊರಟವರ ನಡಿಗೆ. ವ್ಯತ್ಯಾಸವನ್ನು ಮಕ್ಕಳೂ ಗುರುತಿಸಬಲ್ಲರು.

ಹೆಸರಿಟ್ಟವರು

ಈ ಕುಲಕ್ಕೆ ತಿರುಮಲ ಎಂದು ನಾಮಕರಣ ಮಾಡಿದವನು ಫ್ರೆಡರಿಕ್ ಮೂರ್ ಎಂಬ ಆಂಗ್ಲ ವಿದ್ವಾಂಸ, ವರ್ಷ 1880. ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವಸ್ತುಸಂಗ್ರಹಾಲಯದಲ್ಲಿ ದುಡಿದ ಈತನಿಗೆ ಭಾರತದ ಹೆಸರುಗಳ ಮೇಲೆ ಅದೇನು ವ್ಯಾಮೋಹವೋ! ಸಿಂಹಳದ ಚಿಟ್ಟೆಗಳನ್ನು ಕುರಿತ ಗ್ರಂಥದಲ್ಲಿ ತಿರುಮಲನನ್ನು ತಂದ. ಮತ್ತೊಂದು ಚಿಟ್ಟೆಯ ಕುಲಕ್ಕೆ ನರ್ಮದಾ ಎಂದು ಕರೆದ. ನರ್ಮದೆಯ ಹೆಸರು ಮುಂದೆ ವಿದ್ವಾಂಸರ ತಿದ್ದುಪಡಿಯಲ್ಲಿ ಅಳಿದುಹೋಯಿತು. ತಿರುಮಲ ಮಾತ್ರ ಉಳಿದುಕೊಂಡ. ಕುಲದ ಮಾದರಿಯೆನಿಸಿದ ಪ್ರಭೇದವನ್ನು ಅದಕ್ಕೂ ನೂರು ವರ್ಷ ಹಿಂದೆಯೇ, 1775ರಲ್ಲಿ, ಆಮ್‌ಸ್ಟರ್‌ಡಾಮಿನ ವರ್ತಕ ಪೀಟರ್ ಕ್ರಾಮರ್ ಬಣ್ಣಿಸಿ ‘ಲಿಮ್ನಿಯಾಸೆ’ ಎಂದಿದ್ದ. ಇಂಗ್ಲಿಷಿನಲ್ಲಿ ಅದಕ್ಕೆ ಬ್ಲೂ ಟೈಗರ್, ಎಂದರೆ ನೀಲಿ ಹುಲಿ, ಎಂಬ ಹೆಸರು ರೂಢಿಯಲ್ಲಿದೆ. ಅದರ ಒಡಹುಟ್ಟಿದ ‘ಸೆಪ್ಟೆಂಟ್ರಿಯೋನಿಸ್’ ಇನ್ನೂ ಕಪ್ಪು. ಗೀರುಗಳು ಇನ್ನೂ ಸಪೂರ. ಇವೆರಡೂ ಕರ್ನಾಟಕದಲ್ಲಿ ಸಾಕಷ್ಟು ಕಾಣಸಿಗುತ್ತವೆ. ಇದೇ ಕುಲದ ಮೂರನೆಯದೊಂದು ಈಶಾನ್ಯ ಭಾರತ ಮತ್ತು ಬರ್ಮಾದ ಕಡೆ ಇದೆ. ಮೂರನೇ ಅದಕ್ಕೆ ಇಟ್ಟ ಹೆಸರು ‘ಗೌತಮ’. ತಿರುಮಲನ ಮನೆಯಲ್ಲಿ ಗೌತಮನೂ ಹುಟ್ಟಿದಂತಾಯಿತು! ಉಳಿದ ಪ್ರಭೇದಗಳು ಸೆಲೆಬಿಸ್ ದ್ವೀಪದಿಂದ ಆಸ್ಟ್ರೇಲಿಯದವರೆಗೆ ಚೆದುರಿವೆ. ಎರಡು ಮಾತ್ರ ಸಾಗರದ ಆಚೆ ಆಫ್ರಿಕದಲ್ಲಿ ನೆಲೆಸಿವೆ.

ಯಾತ್ರೆಯಲ್ಲಿ ತಿರುಮಲನ ಜೊತೆಗಾರನೊಬ್ಬನಿದ್ದಾನೆ. ಅವನು ಕಂದುಗಪ್ಪು ಬಣ್ಣದ ಕಾಗೆ ಚಿಟ್ಟೆ. ಇದರ ಕುಲ ‘ಯೂಪ್ಲಿಯ’. ಗ್ರೀಕರ ಭಾಷೆಯಲ್ಲಿ ಈ ಪದಕ್ಕೆ ಸುಖಪ್ರಯಾಣವೆಂದು ಅರ್ಥ. ನಾವಿಕರು ಅಫ್ರೊಡೈಟ್ ದೇವಿಯನ್ನು ಈ ಹೆಸರಿನಿಂದ ಸ್ಮರಿಸುತ್ತಿದ್ದರಂತೆ. 1807ರಲ್ಲಿ ಡೆನ್ಮಾರ್ಕಿನ ಫ್ಯಾಬ್ರೀಷಿಯಸ್ ಇದನ್ನು ಚಿಟ್ಟೆಗೆ ತಗುಲಿಸಿದ. ಒಬ್ಬನು ಯಾತ್ರಾಸ್ಥಳ, ಇನ್ನೊಬ್ಬನು ಸುಖಪ್ರಯಾಣ! ಇಂಥ ಜೋಡಿ ಬೇಕೆಂದು ಹುಡುಕಿದರೂ ಸಿಗದು.

ವಿಷವೂ ಅತ್ತರೂ

ತಿರುಮಲನ ಹಾರಾಟ ಸಾವಧಾನದ್ದು. ಹಕ್ಕಿ ಬಂತೆಂದು ಗಾಬರಿಯಿಲ್ಲ, ಅಡಗುವ ಆತುರವಿಲ್ಲ. ಈ ನಿಶ್ಚಿಂತೆಯ ಗುಟ್ಟು ಹೊಟ್ಟೆಯೊಳಗಿದೆ. ಇದರ ಮರಿಹುಳು ಮೇಯುವುದು ಎಕ್ಕದ ಬಳಗಕ್ಕೆ ಸೇರಿದ, ಮುರಿದರೆ ಹಾಲು ಸುರಿಸುವ ಬಳ್ಳಿಗಳ ಎಲೆಯನ್ನು. ಇಂಥ ಹಾಲಿಗೆ ದನ ಬಾಯಿ ಹಾಕದು, ಮೇಕೆಯೂ ಹಿಂಜರಿಯುತ್ತದೆ. ದೊಡ್ಡದಾದಮೇಲೂ ಗಂಡು ಚಿಟ್ಟೆಗೆ ವಿಷದ ಚಟ ಬಿಡದು. ಸೆಣಬಿನ ಜಾತಿಯ ಗಿಡಗಳನ್ನೂ, ಚೇಳಿನ ಬಾಲದಂತೆ ಸುರುಳಿಗೊಂಡ ಹೂಗೊಂಚಲಿನಿಂದ ಚೇಳುಕೊಂಡಿ ಎನಿಸಿದ ಗಿಡವನ್ನೂ ಹುಡುಕಿಕೊಂಡು ಹೋಗಿ, ಬಾಡಿದ ಎಲೆ ಕಾಂಡಗಳಿಂದ ಕಹಿಯಾದ ಕ್ಷಾರವಸ್ತುವನ್ನು ಹೀರುತ್ತದೆ. ಎಲೆ ಹಸಿಯಾಗಿದ್ದರೆ ಕಾಲಿನ ಉಗುರಿನಿಂದ ಕೆರೆದು ರಸ ಒಸರುವಂತೆ ಮಾಡುವುದೂ ಉಂಟು.

ಈ ಕಹಿಯೇ ಅದರ ದೇಹದಲ್ಲಿ ಪರಿಮಳವಾಗಿ ಮಾರ್ಪಡುತ್ತದೆ. ಗಂಡಿನ ಹೊಟ್ಟೆಯ ತುದಿಯಲ್ಲಿ ಕುಂಚದಂತಹ ಎರಡು ರೋಮಗುಚ್ಛಗಳಿವೆ. ಹಿಂದಿನ ರೆಕ್ಕೆಯ ಮೇಲೆ ಪುಟ್ಟ ಚೀಲವೊಂದಿದೆ. ಹೆಣ್ಣನ್ನು ಒಲಿಸುವಾಗ ಆ ಕುಂಚಗಳನ್ನು ಅರಳಿಸಿ ಅತ್ತರು ಸಿಂಪಡಿಸುತ್ತದೆ. ಅತ್ತರು ಚೆನ್ನಾಗಿದೆ ಎಂದರೆ ಕಹಿಯ ದಾಸ್ತಾನು ಚೆನ್ನಾಗಿದೆ ಎಂದು ಹೆಣ್ಣು ತಿಳಿಯಬೇಕು. ಏಕೆಂದರೆ ಮಿಲನದ ವೇಳೆ ಗಂಡು ತನ್ನ ವಿಷದ ಒಂದು ಪಾಲನ್ನು ಅವಳಿಗೆ ಒಪ್ಪಿಸುತ್ತದೆ, ಅದು ಮೊಟ್ಟೆಗಳನ್ನು ಕಾಯುತ್ತದೆ. ವರದಕ್ಷಿಣೆಯ ಪಿಡುಗನ್ನು ಕಂಡ ಮನುಷ್ಯರು ಇಲ್ಲಿ ಗಮನಿಸಬೇಕಾದುದು, ಕೊಡುವವನು ವರನೆಂಬುದನ್ನು.

ಒಮ್ಮೆ ಇಂಥ ಚಿಟ್ಟೆಯನ್ನು ನುಂಗಿ ವಾಂತಿ ಮಾಡಿಕೊಂಡ ಹಕ್ಕಿ ಮತ್ತೆ ಆ ಬಣ್ಣದ ಗೊಡವೆಗೆ ಹೋಗದು. ತಿರುಮಲನ ಬಂಧುವಾದ ಅಮೆರಿಕದ ಮೊನಾರ್ಕ್ ಚಿಟ್ಟೆಯನ್ನು ತಿನ್ನಿಸಿ ಲಿಂಕನ್ ಬ್ರೋವರ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದರು. ಲೋಕದಲ್ಲಿ ಒಳ್ಳೆಯ ಹೆಸರು ಇದ್ದಲ್ಲಿ ಅದನ್ನು ಕದಿಯುವವರೂ ಇರುತ್ತಾರಲ್ಲವೇ? ವಿಷದ ಗಂಧವೇ ಇಲ್ಲದ ‘ಪಪಿಲಿಯೋ ಕ್ಲಿಟಿಯ’ ಎಂಬ ಚಿಟ್ಟೆ ಯಕ್ಷಗಾನದ ಪಾತ್ರಧಾರಿಯಂತೆ ಎರಡು ವೇಷ ಕಟ್ಟುತ್ತದೆ. ಒಂದು ರೂಪದಲ್ಲಿ ಅದು ಅಚ್ಚು ನೀಲಿ ಹುಲಿ. ಇನ್ನೊಂದರಲ್ಲಿ ಅಚ್ಚು ಕಾಗೆ ಚಿಟ್ಟೆ. ವೇಷ ಬಯಲಾಗುವುದು ಓಟ ಕಿತ್ತಾಗ. ಅಂಜಿದೊಡನೆ ಅದು ಸರ್ರನೆ ಧಾವಿಸುತ್ತದೆ. ತಿರುಮಲನಿಗೆ ಧಾವಿಸುವ ಅಭ್ಯಾಸವೇ ಇಲ್ಲ.

ಹೋದವಳು ತಾಯಿ, ಬಂದವಳು ಮಗಳು

ದಕ್ಷಿಣ ಭಾರತದ ಈ ವಲಸೆಯನ್ನು ಕ್ರಮವಾಗಿ ಅಧ್ಯಯನ ಮಾಡಿದವರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಪ್ರಮುಖರು. ಅವರ ಲೇಖನವೊಂದು 2005ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ವೈಶಾಲಿ ಭೌಮಿಕ್ ಅವರೊಡನೆ ನಡೆಸಿದ ಅಧ್ಯಯನದಲ್ಲಿ ಹೆಣ್ಣುಗಳ ವಿಷಯವಾಗಿ ಸ್ವಾರಸ್ಯವಾದ ಸಂಗತಿಯೊಂದು ಹೊರಬಿತ್ತು: ಹಾದಿಯಲ್ಲಿರುವ ಹೆಣ್ಣು ಚಿಟ್ಟೆಗಳು ಬಹುಮಟ್ಟಿಗೆ ಬಸಿರನ್ನು ಮುಂದಕ್ಕೆ ಹಾಕಿರುತ್ತವೆ. ಮೊಟ್ಟೆಯ ಭಾರ ಹೊತ್ತು ನೂರಾರು ಕಿಲೋಮೀಟರು ಹಾರುವುದು ಆಗದ ಮಾತು. ಪ್ರಯಾಣ ಮುಗಿಯಲಿ, ಸಂಸಾರ ಆಮೇಲೆ ಎಂಬ ಲೆಕ್ಕಾಚಾರ.

ಬಯಲಿಗೆ ಬಂದ ಚಿಟ್ಟೆ ಅಲ್ಲಿಯೇ ಮೊಟ್ಟೆಯಿಟ್ಟು ಅಲ್ಲಿಯೇ ಮಣ್ಣಾಗುತ್ತದೆ. ಮಳೆಗಾಲ ಕಳೆದು ಅಕ್ಟೋಬರ್, ನವೆಂಬರ್ ತಿಂಗಳಿನ ವೇಳೆಗೆ ಪಡುವಣಕ್ಕೆ ಮರಳುವುದು ಅದರ ಸಂತತಿ. ಇವು ಸಹ್ಯಾದ್ರಿಯನ್ನು ಕಂಡವಲ್ಲ. ದಾರಿ ತೋರಿಸಲು ಹಿರಿಯರು ಉಳಿದಿಲ್ಲ. ಆದರೂ ಹೋಗುತ್ತವೆ. ಅಮೆರಿಕದ ಮೊನಾರ್ಕ್ ಎಲ್ಲಿಗೆ ಹೋಗುತ್ತದೆಂದು ತಿಳಿಯಲು ಕೆನಡದ ಫ್ರೆಡ್ ಮತ್ತು ನೋರಾ ಅರ್ಕ್ಹಾರ್ಟ್ ದಂಪತಿಗಳು ದಶಕಗಳ ಕಾಲ ಚಿಟ್ಟೆಯ ರೆಕ್ಕೆಗೆ ಕಾಗದದ ಚೀಟಿ ಅಂಟಿಸಿ ಬಿಡುತ್ತಿದ್ದರು. 1975ರ ಜನವರಿಯಲ್ಲಿ ಮೆಕ್ಸಿಕೋದ ಬೆಟ್ಟವೊಂದರ ಮೇಲೆ ಮರಗಳೇ ಕಾಣದಂತೆ ಮುತ್ತಿಕೊಂಡಿದ್ದ ಚಿಟ್ಟೆಗಳ ಬೀಡು ಪತ್ತೆಯಾಯಿತು. ಮರುವರ್ಷ ಅರ್ಕ್ಹಾರ್ಟ್ ಸ್ವತಃ ಅಲ್ಲಿಗೆ ಏರಿಹೋದಾಗ ಅವರ ಕಣ್ಣಿಗೆ ಬಿದ್ದುದು ಚೀಟಿ ಹೊತ್ತ ಒಂದು ಚಿಟ್ಟೆ; ಹಿಂದಿನ ಆಗಸ್ಟ್‌ನಲ್ಲಿ ದೂರದ ಮಿನೆಸೋಟದಲ್ಲಿ ಶಾಲಾಬಾಲಕರ ನೆರವಿನಿಂದ ಅಂಟಿಸಿದ್ದ ಚೀಟಿಯದು. ಸಿಂಹಳದಲ್ಲಂತೂ ಶ್ರೀಪಾದ ಶಿಖರಕ್ಕೆ ಸಮನಲ ಕಂದ, ಎಂದರೆ ಚಿಟ್ಟೆಗಳ ಬೆಟ್ಟ, ಎಂಬ ಹೆಸರೇ ಇದೆ. ಚಿಟ್ಟೆಗಳು ಆ ಪವಿತ್ರಸ್ಥಾನಕ್ಕೆ ಹೋಗಿ ಪ್ರಾಣ ಬಿಡುತ್ತವೆಂಬುದು ಅಲ್ಲಿನ ಜನರ ನಂಬಿಕೆ.

ಹೆದ್ದಾರಿಯ ಗಂಡಾಂತರ

ವಿಷ ಹಕ್ಕಿಗೆ ನಾಟುತ್ತದೆ, ಲಾರಿಗೆ ನಾಟದು. ಹಿರಿಯೂರು ಸೀಮೆಯನ್ನು ಸೀಳಿಕೊಂಡು ಬೆಂಗಳೂರು–ಪುಣೆ ಹೆದ್ದಾರಿ ಹಾದುಹೋಗಿದೆ. ಹಗಲು ರಾತ್ರಿ ವಾಹನಗಳಿಗೆ ಬಿಡುವಿಲ್ಲ. ನಿಧಾನವಾಗಿ, ಆಳೆತ್ತರದಲ್ಲಿ ರಸ್ತೆ ದಾಟುವ ಚಿಟ್ಟೆ ಗಾಡಿಯ ಮುಂಗಾಜಿಗೆ ಬಡಿದರೆ ಅದರ ಕಥೆ ಅಲ್ಲಿಗೇ ಮುಗಿಯಿತು. ತಡೆಯಲು ಉಪಾಯವೇ ಇಲ್ಲವೆಂದಲ್ಲ. ತೈವಾನ್ ದ್ವೀಪದ ಮಾವೊಲಿನ್ ಕಣಿವೆಯಲ್ಲಿ ಕಾಗೆ ಚಿಟ್ಟೆಯ ಕುಲದವು ಲಕ್ಷಗಟ್ಟಲೆ ಸೇರಿ ಚಳಿಗಾಲ ಕಳೆಯುತ್ತವೆ. ವಸಂತದಲ್ಲಿ ಅವು ಬಡಗಣಕ್ಕೆ ಹೊರಟಾಗ ಲಿನ್‌ನೇ ಎಂಬಲ್ಲಿ ಹೆದ್ದಾರಿ ಅಡ್ಡ ಬರುತ್ತದೆ. 2007ರಲ್ಲಿ ಅಲ್ಲಿನ ಅಧಿಕಾರಿಗಳು ರಸ್ತೆಯ ಬದಿಗೆ ಎತ್ತರದ ಬಲೆ ಕಟ್ಟಿ ಚಿಟ್ಟೆಗಳು ವಾಹನಗಳಿಗಿಂತ ಮೇಲೇರಿ ದಾಟುವಂತೆ ಮಾಡಿದರು. ದಟ್ಟಣೆಯ ವೇಳೆ ರಸ್ತೆಯ ಒಂದು ಓಣಿಯನ್ನೇ ಮುಚ್ಚಿದರು. ಮಂತ್ರಿಯೊಬ್ಬರ ಕಾರು ಬಂದರೆ ರಸ್ತೆ ಮುಚ್ಚುವುದನ್ನು ಕಂಡ ನಮಗೆ, ಚಿಟ್ಟೆಗಾಗಿ ಮುಚ್ಚಿದ ರಸ್ತೆ ಕಥೆಯಂತೆ ತೋರುತ್ತದೆ.

ಹೆದ್ದಾರಿಗಿಂತ ಸದ್ದಿಲ್ಲದ ಅಪಾಯವೊಂದಿದೆ. ಹಾಲುಬಳ್ಳಿ ಹಬ್ಬುವುದು ಬೇಲಿಯ ಮೇಲೆ, ಚೇಳುಕೊಂಡಿ ಬೆಳೆಯುವುದು ಕೆರೆಯಂಗಳದಲ್ಲಿ. ಇವುಗಳಿಗೆ ಬೆಲೆಯಿಲ್ಲ, ಮಾರುಕಟ್ಟೆಯಿಲ್ಲ. ಮುಳ್ಳುಬೇಲಿ ಹೋಗಿ ತಂತಿಬೇಲಿ ಬಂದಲ್ಲಿ, ಬದುವಿಗೂ ಕಳೆನಾಶಕ ಹೊಡೆದಲ್ಲಿ, ಪಡುವಣದಿಂದ ಬಂದ ತಾಯಿಚಿಟ್ಟೆಗೆ ಮೊಟ್ಟೆಯಿಡಲು ಎಲೆಯಿಲ್ಲ. ಯಾತ್ರಿಕರ ಛತ್ರವನ್ನು ಕೆಡವಿದಂತೆ ಇದು. ಹಸಿರುಗೊಬ್ಬರಕ್ಕೆಂದು ಸೆಣಬು ಬಿತ್ತುವ ರೈತ ತನಗರಿಯದೆಯೇ ತಿರುಮಲನಿಗೆ ಅತ್ತರಿನಂಗಡಿ ತೆರೆದುಕೊಟ್ಟಿರುತ್ತಾನೆ ಎಂಬುದೊಂದು ಸಮಾಧಾನ.

ಪಟ್ಟಣದ ಮನೆಯವರಿಗೂ ಈ ಬಳಗದ ಪರಿಚಯ ಅಂಗಳದಲ್ಲೇ ಆಗಬಹುದು. ದೇವರ ಪೂಜೆಗೆಂದು ಬೆಳೆಸಿದ ಕಣಗಿಲೆಯ ಎಳೆಯ ಎಲೆಗಳನ್ನು, ಮೈಮೇಲೆ ಪಟ್ಟೆಪಟ್ಟೆಯಾಗಿ, ನಾಲ್ಕು ಜೊತೆ ಕೊಂಬುಗಳನ್ನು ಹೊತ್ತ ಹುಳುವೊಂದು ಮೇಯುತ್ತಿದ್ದರೆ ಮನೆಯೊಡತಿ ಔಷಧದ ಡಬ್ಬಿಗೆ ಕೈಹಾಕುವುದು ಸಹಜ. ಎರಡು ವಾರ ತಾಳಿದರೆ ಸಾಕು. ಅದು ಕಾಗೆ ಚಿಟ್ಟೆಯ ಮರಿ. ಮೇಯ್ದು ಮುಗಿಸಿದ ಹುಳು ಎಲೆಯ ಅಡಿಗೆ ತಲೆಕೆಳಗಾಗಿ ಜೋತುಬಿದ್ದು ಕೋಶ ಕಟ್ಟುತ್ತದೆ. ಒಂದೆರಡು ದಿನಗಳಲ್ಲಿ ಆ ಕೋಶ ಅಕ್ಕಸಾಲಿಗನು ಈಗತಾನೇ ಮೆರುಗು ಕೊಟ್ಟ ಜುಮುಕಿಯಂತೆ ಹೊಳೆಯತೊಡಗುತ್ತದೆ. ಹತ್ತಿರ ಹೋದ ಮಗುವಿಗೆ ಅದರಲ್ಲಿ ತನ್ನ ಮುಖವೇ ಕಾಣುವಷ್ಟು ಹೊಳಪು. ಎಂಟೊಂಬತ್ತು ದಿನ ಕಳೆದಮೇಲೆ ಹೊನ್ನು ಕಪ್ಪಾಗುತ್ತದೆ. ಕೋಶ ಸತ್ತಿತೆಂದು ಕಿತ್ತೆಸೆಯಬಾರದು. ಒಳಗಿನ ಕರಿಯ ರೆಕ್ಕೆ ಗೋಡೆಯ ಮೂಲಕ ಕಾಣುತ್ತಿದೆ, ಅಷ್ಟೆ. ಮರುದಿನ ಬೆಳಗ್ಗೆ ಕಾಫಿಯಾಗುವ ಹೊತ್ತಿಗೆ ಬಂದು ನೋಡಿದರೆ, ಒಡೆದ ಸಿಪ್ಪೆಯನ್ನು ಹಿಡಿದು ತೂಗುತ್ತ, ಮುದುರಿದ ರೆಕ್ಕೆಗಳನ್ನು ಒಣಗಿಸಿಕೊಳ್ಳುತ್ತಿರುವ ಅತಿಥಿ ಅಲ್ಲಿರುತ್ತದೆ.