ಶಾಂತಲೆಯ ಸಾವು ಮತ್ತು ಒಂದು ಅಡಿಟಿಪ್ಪಣಿ

ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟವನ್ನು ಹತ್ತುವವರಿಗೆ ಗಂಗಾಧರೇಶ್ವರನ ಗುಡಿ, ಒಳಕಲ್ಲು ತೀರ್ಥ ಮತ್ತು ನಂದಿಯ ಜೊತೆಗೆ ಶಾಂತಲೆಯ ಹೆಸರಿನ ಕಡಿದಾದ ಬಂಡೆಯಂಚನ್ನೂ ತೋರಿಸುವುದು ರೂಢಿ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿ ಅಲ್ಲಿಂದ ಕೆಳಕ್ಕೆ ಹಾರಿ ಪ್ರಾಣ ಬಿಟ್ಟಳೆಂಬುದು ಜನ ಹೇಳುತ್ತ ಬಂದಿರುವ ಮಾತು. ಇದೇ ಮಾತು ಸಂಶೋಧನ ಪತ್ರಿಕೆಯೊಂದಕ್ಕೆ ಕಳುಹಿಸುವ ಲೇಖನದಲ್ಲಿ ಬಂದರೆ ಅದಕ್ಕೆ ಆಧಾರ ಯಾವುದು, ಆ ಆಧಾರವನ್ನು ಓದುಗನು ಎಲ್ಲಿ ಹುಡುಕಬೇಕು ಎಂಬ ಎರಡು ಪ್ರಶ್ನೆಗಳಿಗೆ ಲೇಖಕ ಉತ್ತರಿಸಬೇಕಾಗುತ್ತದೆ. ಆ ಉತ್ತರವನ್ನು ಕ್ಲುಪ್ತವಾಗಿ, ಪತ್ರಿಕೆಯು ಗೊತ್ತುಪಡಿಸಿದ ಕ್ರಮದಲ್ಲಿ ಬರೆಯುವುದಕ್ಕೆ ಉಲ್ಲೇಖ ಎಂದೂ, ಹಾಗೆ ಬಳಸಿದ ಎಲ್ಲ ಆಕರಗಳನ್ನು ಲೇಖನದ ಕೊನೆಯಲ್ಲಿ ಪಟ್ಟಿಮಾಡುವುದಕ್ಕೆ ಪರಾಮರ್ಶನ ಸೂಚಿ ಅಥವಾ ಗ್ರಂಥಋಣ ಎಂದೂ ಹೆಸರು.

ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳೆಂಬುದಕ್ಕೆ ಶಾಸನದ ಆಧಾರ ಇದೆ, ಆದರೆ ಅದು ಇರುವುದು ಶಿವಗಂಗೆಯಲ್ಲಲ್ಲ, ಶ್ರವಣಬೆಳಗೊಳದಲ್ಲಿ. ಕ್ರಿ.ಶ. 1131ರ ಆ ಶಾಸನವು ಅವಳು ಶಿವಗಂಗೆಯ ತೀರ್ಥದಲ್ಲಿ ಮರಣ ಹೊಂದಿದ ಸಂಗತಿಯನ್ನೂ, ಆ ಬಳಿಕ ಅವಳ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಸನ್ಯಸನ ಸ್ವೀಕರಿಸಿ ದೇಹ ಬಿಟ್ಟುದನ್ನೂ ತಿಳಿಸುತ್ತದೆ. ಬಂಡೆಯಿಂದ ಹಾರಿದ ವಿಚಾರ ಅದರಲ್ಲಿ ಇಲ್ಲ. ಆದ್ದರಿಂದ ಸಾವಿನ ಸ್ಥಳ ಮತ್ತು ಕಾಲಕ್ಕೆ ಶಾಸನವನ್ನೂ, ಸಾವಿನ ರೀತಿಗೆ ಜನಪದ ಐತಿಹ್ಯವನ್ನೂ ಬೇರೆಬೇರೆಯಾಗಿ ಹೆಸರಿಸುವುದು ಅಗತ್ಯ. ಎರಡನ್ನೂ ಒಂದೇ ವಾಕ್ಯದಲ್ಲಿ ಬೆಸೆದು ಕೊನೆಗೊಂದು ಶಾಸನ ಸಂಖ್ಯೆ ಅಂಟಿಸಿದಾಗ, ಕಲ್ಲು ಹೇಳದ ಮಾತನ್ನು ಕಲ್ಲಿನ ಬಾಯಲ್ಲಿ ಹೇಳಿಸಿದಂತಾಗುತ್ತದೆ. ಕೆ.ವಿ. ಅಯ್ಯರ್ ಅವರ 'ಶಾಂತಲಾ' ಮತ್ತು ಸಿ.ಕೆ. ನಾಗರಾಜರಾವ್ ಅವರ 'ಪಟ್ಟಮಹಾದೇವಿ ಶಾಂತಲದೇವಿ' ಕಾದಂಬರಿಗಳು ಈ ರಾಣಿಯನ್ನು ಮನೆಮನೆಗೆ ತಲುಪಿಸಿದ ಕೃತಿಗಳಾಗಿದ್ದು, ಸಾಹಿತ್ಯ ವಿಮರ್ಶೆಯ ಲೇಖನಕ್ಕೆ ಅವೇ ಮೂಲ ಆಕರಗಳಾಗಬಹುದಾದರೂ, ಇತಿಹಾಸದ ಲೇಖನದಲ್ಲಿ ಅವುಗಳಿಗೆ ಆ ಸ್ಥಾನವಿಲ್ಲ.

ಇನ್ನು ಶಾಸನದ ಸಂಖ್ಯೆಯ ವಿಚಾರ. ಕರ್ನಾಟಕದ ಶಾಸನಗಳನ್ನು ಜಿಲ್ಲಾವಾರು ಸಂಗ್ರಹಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಬಿ.ಎಲ್. ರೈಸ್ 1886ರಿಂದ ಹೊರತಂದರು. ಶ್ರವಣಬೆಳಗೊಳಕ್ಕೆ ಮೀಸಲಾದ ಎರಡನೆಯ ಸಂಪುಟ 1889ರಲ್ಲಿ 144 ಶಾಸನಗಳೊಂದಿಗೆ ಬಂದಿತು. ಆರ್. ನರಸಿಂಹಾಚಾರ್ ಅದನ್ನು ಪರಿಷ್ಕರಿಸಿ 1923ರಲ್ಲಿ ಪ್ರಕಟಿಸಿದಾಗ ಶಾಸನಗಳು 500 ಆಗಿದ್ದವು, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ ಅವು 573ಕ್ಕೆ ಏರಿದವು. ಹೊಸ ಶಾಸನಗಳು ಸೇರಿದಂತೆಲ್ಲ ಕ್ರಮಸಂಖ್ಯೆ ಬದಲಾಗದೆ ವಿಧಿಯಿರಲಿಲ್ಲವಾದ ಕಾರಣ, ರೈಸ್ ಅವರಲ್ಲಿ 53 ಆಗಿದ್ದ ಶಾಂತಲೆಯ ಶಾಸನವು ನರಸಿಂಹಾಚಾರ್ ಅವರಲ್ಲಿ 143 ಆಯಿತು. 'ಶ್ರ.ಬೆ. 53' ಎಂದಷ್ಟೇ ಬರೆದ ಅಡಿಟಿಪ್ಪಣಿಯನ್ನು ಹಿಡಿದು 1923ರ ಪುಸ್ತಕವನ್ನು ತೆರೆದ ವಿದ್ಯಾರ್ಥಿಗೆ ಬೇರೆಯೇ ಶಾಸನ ಸಿಗುತ್ತದೆ. ಅವನು ಲೇಖಕನನ್ನು ಸುಳ್ಳುಗಾರನೆಂದು ಭಾವಿಸಿದರೆ ತಪ್ಪು ಅವನದಲ್ಲ. 'ಎ.ಕ. 2 (1923), ಶ್ರ.ಬೆ. 143 (ಹಳೆಯ ಸಂಖ್ಯೆ 53)' ಎಂದು ಆವೃತ್ತಿಯ ವರ್ಷವನ್ನೂ ಹಿಂದಿನ ಸಂಖ್ಯೆಯನ್ನೂ ಕೂಡಿಸಿ ಬರೆದರೆ ಈ ತೊಡಕು ಇರುವುದಿಲ್ಲ.

ಶಿವಗಂಗೆಯ ಶಾಸನಗಳ ವಿಷಯದಲ್ಲಿ ತೊಡಕು ಇನ್ನೂ ದೊಡ್ಡದು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳು 1905ರಲ್ಲಿ ಪ್ರಕಟವಾದ, ಅಂದಿನ ಬೆಂಗಳೂರು ಜಿಲ್ಲೆಯ ಒಂಬತ್ತನೆಯ ಸಂಪುಟದಲ್ಲಿವೆ. ಆದರೆ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಮಾಲೆಯಲ್ಲಿ ಸಂಪುಟಗಳ ವಿಂಗಡಣೆಯೇ ಬದಲಾಗಿ, ಅಲ್ಲಿನ ಒಂಬತ್ತನೆಯ ಸಂಪುಟ ಬೇಲೂರು ತಾಲ್ಲೂಕಿನದಾಗಿದೆ. ಶಾಂತಲೆಯ ಕುರಿತು ಬರೆಯುವವರು ಬೇಲೂರಿನ ಶಾಸನಗಳನ್ನೂ ಶಿವಗಂಗೆಯ ಶಾಸನಗಳನ್ನೂ ಒಂದೇ ಪುಟದಲ್ಲಿ ಬಳಸುವ ಸಂಭವ ಇರುವುದರಿಂದ, 'ಎ.ಕ. 9' ಎಂಬ ಬರಿಯ ಸಂಕ್ಷೇಪವು ಯಾವ ಊರಿಗೆ ಕರೆದೊಯ್ಯುತ್ತದೆಂದು ಹೇಳಲಾಗದು. ಸಂಪುಟದ ಒಳಗೆ ಪ್ರತಿ ತಾಲ್ಲೂಕಿಗೂ ಸಂಖ್ಯೆ ಒಂದರಿಂದ ಆರಂಭವಾಗುವುದರಿಂದ 'ನೆಲಮಂಗಲ' ಎಂಬ ಹೆಸರನ್ನೂ ಬಿಡುವಂತಿಲ್ಲ. ಅದೇ 1905ರ ಸಂಪುಟದಲ್ಲಿರುವ ಮಾಗಡಿ, ಚನ್ನಪಟ್ಟಣಗಳು 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೂ 2007ರಲ್ಲಿ ರಾಮನಗರ ಜಿಲ್ಲೆಗೂ ಸೇರಿದವು. ಆಡಳಿತದ ಗಡಿ ಹೀಗೆ ಸರಿದರೂ ಉಲ್ಲೇಖವು ಮುದ್ರಿತ ಸಂಪುಟದ ವಿಂಗಡಣೆಯನ್ನೇ ಅನುಸರಿಸಬೇಕು.

ಇಷ್ಟು ವಿವರ ಕೈಯಲ್ಲಿದ್ದ ಮೇಲೆ ಅದನ್ನು ಯಾವ ರೂಪದಲ್ಲಿ ಕೊಡಬೇಕೆಂಬುದನ್ನು ಪತ್ರಿಕೆಯೇ ನಿರ್ಧರಿಸುತ್ತದೆ. ಅಮೆರಿಕದ ಮನೋವಿಜ್ಞಾನ ಸಂಘದ ಎಪಿಎ ಕ್ರಮದಲ್ಲಿ ಲೇಖಕನ ಹೆಸರು ಮತ್ತು ಪ್ರಕಟಣೆಯ ವರ್ಷ ವಾಕ್ಯದೊಳಗೇ ಆವರಣದಲ್ಲಿ ಬರುತ್ತವೆ. ವೈದ್ಯಕೀಯ ಪತ್ರಿಕೆಗಳ ವ್ಯಾಂಕೂವರ್ ಕ್ರಮದಲ್ಲಿ ಅಂಕಿ ಮಾತ್ರ ಇರುತ್ತದೆ. 1906ರಿಂದ ಪ್ರಕಟವಾಗುತ್ತಿರುವ ಶಿಕಾಗೋ ಕೈಪಿಡಿಯ ಒಂದು ಕ್ರಮದಲ್ಲಿ ಅಡಿಟಿಪ್ಪಣಿಗೆ ಅವಕಾಶವಿದೆ. ಶಾಸನಗಳನ್ನು ಆಧರಿಸಿದ ಬರಹಕ್ಕೆ ಅಡಿಟಿಪ್ಪಣಿಯೇ ಹೆಚ್ಚು ಒಗ್ಗುತ್ತದೆ, ಏಕೆಂದರೆ ಶಾಸನಕ್ಕೆ ಲೇಖಕ ಮತ್ತು ವರ್ಷ ಎಂಬ ಸರಳ ಜೋಡಿ ಹೊಂದುವುದಿಲ್ಲ: ಕಲ್ಲಿನ ಕಾಲ 1131, ಪುಸ್ತಕದ ಕಾಲ 1923. ಶಕವರ್ಷಕ್ಕೆ 78 ಕೂಡಿಸಿದರೆ ಸಾಮಾನ್ಯವಾಗಿ ಕ್ರಿಸ್ತಶಕ ಸಿಗುತ್ತದೆಯಾದರೂ, ಮಾಘ ಫಾಲ್ಗುಣಗಳಂಥ ವರ್ಷಾಂತ್ಯದ ತಿಂಗಳುಗಳಿಗೆ 79 ಕೂಡಿಸಬೇಕಾಗುವುದರಿಂದ, ಶಾಸನದಲ್ಲಿರುವ ಶಕವರ್ಷ, ಸಂವತ್ಸರ, ಮಾಸಗಳನ್ನು ಹಾಗೆಯೇ ಉಳಿಸಿಕೊಂಡು ಪಕ್ಕದಲ್ಲಿ ಕ್ರಿಸ್ತಶಕವನ್ನು ಕೊಡುವುದು ವಾಸಿ.

ಕನ್ನಡದ ಹೆಸರುಗಳು ಈ ಕ್ರಮಗಳಿಗೆ ಸುಲಭವಾಗಿ ಒಗ್ಗುವುದಿಲ್ಲ. ಕುಲನಾಮವನ್ನು ಮೊದಲಿಗೆ ತರಬೇಕೆಂಬ ನಿಯಮವು ರೈಸ್ ಅವರಿಗೂ, ಮನೆತನದ ಹೆಸರಿರುವ ಎಂ.ಎಂ. ಕಲಬುರ್ಗಿ ಅವರಿಗೂ ಸರಿಹೊಂದುತ್ತದೆ. 1966ರಲ್ಲಿ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ವನ್ನು ಪ್ರಕಟಿಸಿದ ಎಂ. ಚಿದಾನಂದಮೂರ್ತಿ ಅವರನ್ನು 'ಮೂರ್ತಿ, ಎಂ.ಸಿ.' ಎಂದು ಮುರಿದು ಬರೆದರೆ ಮಾತ್ರ ಕನ್ನಡದ ಯಾವ ಓದುಗನಿಗೂ ಅವರ ಗುರುತು ಸಿಗದು, 'ಚಿದಾನಂದಮೂರ್ತಿ, ಎಂ.' ಎಂಬುದೇ ಸರಿಯಾದ ರೂಪ. ಆಕರಗಳನ್ನು ಜೋಡಿಸಿಕೊಡುವ ಜೊಟೆರೊ ತಂತ್ರಾಂಶದಲ್ಲಿ ಹೆಸರನ್ನು ಎರಡು ತುಂಡು ಮಾಡದೆ ಒಂದೇ ಅಂಕಣದಲ್ಲಿ ತುಂಬುವ ಸೌಲಭ್ಯವಿದ್ದು, ಕನ್ನಡದ ಲೇಖಕರು ಅದನ್ನು ಬಳಸಿಕೊಳ್ಳಬಹುದು. ಸಂಕ್ಷೇಪಗಳಲ್ಲಿಯೂ ಎಚ್ಚರ ಬೇಕು: 'ಸಂ.' ಎಂಬುದು ಸಂಪಾದಕ, ಸಂಪುಟ, ಸಂಚಿಕೆ ಮೂರಕ್ಕೂ ಬಳಕೆಯಾಗುವುದರಿಂದ, ಕನಿಷ್ಠ ಎರಡನ್ನಾದರೂ ಪೂರ್ತಿಯಾಗಿ ಬರೆಯುವುದೇ ಓದುಗನಿಗೆ ಮಾಡುವ ಉಪಕಾರ.

ಲೇಖಕನು ತಾನು ಕಂಡ ಆಕರವನ್ನೇ ಹೆಸರಿಸಬೇಕೆಂಬುದು ಎಲ್ಲ ಕ್ರಮಗಳಿಗೂ ಸಮಾನವಾದ ಕಟ್ಟುಪಾಡು. ಶಾಸನವನ್ನು ಓದದೆ ಚಿದಾನಂದಮೂರ್ತಿ ಅವರ ಗ್ರಂಥದಿಂದ ಅದರ ಮಾತನ್ನು ತೆಗೆದುಕೊಂಡಿದ್ದರೆ, ಶಾಸನದ ಸಂಖ್ಯೆಯ ಮುಂದೆ ಆ ಗ್ರಂಥದಲ್ಲಿ ಉದ್ಧೃತ ಎಂದು ತಿಳಿಸಿ ಪುಟಸಂಖ್ಯೆ ಕೊಡಬೇಕು. ಇಲ್ಲವಾದರೆ ಒಬ್ಬರ ಅಚ್ಚಿನ ದೋಷ ಹತ್ತು ಲೇಖನಗಳಲ್ಲಿ ಸ್ವತಂತ್ರ ಸಾಕ್ಷ್ಯದ ವೇಷದಲ್ಲಿ ಉಳಿದುಬಿಡುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯು ಕೃತಿಚೌರ್ಯದ ಹೋಲಿಕೆಯನ್ನು ಅಳೆಯುವಾಗ ಆಕರ ಸೂಚಿಸಿ ಉದ್ಧರಿಸಿದ ಭಾಗವನ್ನೂ ಪರಾಮರ್ಶನ ಸೂಚಿಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬೆಂಗಳೂರು ಸುತ್ತಲಿನ ಶಾಸನಗಳನ್ನು ಮಿಥಿಕ್ ಸೊಸೈಟಿಯು ಇತ್ತೀಚಿನ ವರ್ಷಗಳಲ್ಲಿ ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿರುವುದರಿಂದ ಉಲ್ಲೇಖಕ್ಕೆ ಹೊಸದೊಂದು ಬಗೆಯ ಆಕರ ಸೇರಿದೆ. ಅಂಥ ದಾಖಲೆಯನ್ನು ಬಳಸುವವರು ಯೋಜನೆಯ ಹೆಸರು, ಕಲ್ಲಿರುವ ಸ್ಥಳದ ಅಕ್ಷಾಂಶ ರೇಖಾಂಶ ಮತ್ತು ತಾವು ನೋಡಿದ ದಿನಾಂಕವನ್ನು ಕೊಡುವುದರ ಜೊತೆಗೆ, ಶಾಸನವು ಮೊದಲೇ ಪ್ರಕಟವಾಗಿದ್ದರೆ 1905ರ ಸಂಪುಟದ ತಾಲ್ಲೂಕು ಸಂಖ್ಯೆಯನ್ನೂ ನಮೂದಿಸಬೇಕು. ಅದನ್ನು ಬಿಟ್ಟರೆ ಹಳೆಯ ಪಾಠವೂ ಹೊಸ ಪಾಠವೂ ಎರಡು ಬೇರೆಬೇರೆ ಶಾಸನಗಳೆಂದು ಮುಂದಿನವರ ಪಟ್ಟಿಗಳಲ್ಲಿ ಎಣಿಕೆಯಾಗುತ್ತವೆ.